ಮಗು ಅತ್ತಾಗ ಅಪ್ಪ ಅಮ್ಮನಿಗೇನಾಗುತ್ತದೆ: ಹಳೆಯ ಗಾಯ ಇರುವವರ ಜೊತೆ ನನ್ನ ಅನುಭವ

ನಾನು ಆಪ್ತಸಮಾಲೋಚಕಿ. ಚಿಕ್ಕ ಮಕ್ಕಳನ್ನು ಸಾಕುತ್ತಿರುವವರ ಜೊತೆ ಕೆಲಸ ಮಾಡುತ್ತೇನೆ. ಅಪ್ಪ, ಅಮ್ಮ, ಕೆಲವು ಸಲ ಅಜ್ಜಿ, ದೊಡ್ಡಮ್ಮ, ದತ್ತು ತೆಗೆದುಕೊಂಡವರು. ಎಲ್ಲರೂ ಬರುವುದು ಮಗುವಿನ ಮೇಲಿನ ದೂರು ಹಿಡಿದುಕೊಂಡು. ಹಠ ಜಾಸ್ತಿ, ಮಾತು ಕೇಳಲ್ಲ, ಸಾಮಾನು ಎಸೆಯುತ್ತಾನೆ ಅಂತ. ಸ್ವಲ್ಪ ಹೊತ್ತು ಕೂತು ಕೇಳಿದರೆ ಇನ್ನೊಂದು ಮಾತು ಬರುತ್ತದೆ: "ಅವನು ಅಳೋಕೆ ಶುರು ಮಾಡಿದ್ರೆ ನನಗೇನೋ ಆಗಿಬಿಡುತ್ತೆ ಮೇಡಂ. ಆಮೇಲೆ ನಾನೇನು ಮಾಡ್ತೀನಿ ಅಂತ ನನಗೇ ಗೊತ್ತಾಗಲ್ಲ."

ಇದನ್ನು ಹೇಳುವವರಲ್ಲಿ ಹಲವರು ಚಿಕ್ಕಂದಿನಲ್ಲಿ ಏಟು ತಿಂದವರು, ಮನೆಯಲ್ಲಿ ಹೊಡೆದಾಟ ನೋಡಿ ಬೆಳೆದವರು, ಯಾರೂ ದಿಕ್ಕಿಲ್ಲದೆ ಬೆಳೆದವರು. ಇವರ ಜೊತೆ ನಾನು ಹೇಗೆ ಕೆಲಸ ಮಾಡುತ್ತೇನೆ ಅಂತ ಬರೆಯುತ್ತಿದ್ದೇನೆ. ಇಲ್ಲಿ ಬರುವ ಪ್ರಸಂಗಗಳು ಯಾರೊಬ್ಬರದ್ದೂ ಅಲ್ಲ. ಗುರುತು ಸಿಗಬಾರದು ಅಂತ ಹಲವರದ್ದು ಬೆರೆಸಿದ್ದೇನೆ.

ಮೊದಲು ಒಂದು ವಿಷಯ. ಇವರಿಗೆ ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕು ಅಂತ ಗೊತ್ತಿಲ್ಲ ಅನ್ನುವುದು ತಪ್ಪು ಲೆಕ್ಕ. ಹೊಡೆಯಬಾರದು, ಕೂಗಬಾರದು, ಒಳ್ಳೆಯದನ್ನು ಗಮನಿಸಿ ಹೇಳಬೇಕು, ಎಲ್ಲಾ ಗೊತ್ತು. ಎಷ್ಟೋ ಜನ ನನಗಿಂತ ಜಾಸ್ತಿ ವಿಡಿಯೋ ನೋಡಿರುತ್ತಾರೆ. ಆದರೆ ಮಗು ಕಿರುಚಿದ ಆ ಗಳಿಗೆಯಲ್ಲಿ ಗೊತ್ತಿದ್ದದ್ದು ಯಾವುದೂ ನೆನಪಿಗೆ ಬರುವುದಿಲ್ಲ. ಯಾಕೆಂದರೆ ಭಯದಲ್ಲಿ ಬೆಳೆದ ಮೈ ಜೋರು ಸದ್ದನ್ನು ಅಪಾಯ ಅಂತಲೇ ಕಲಿತಿರುತ್ತದೆ. ಮಿದುಳಿನ ಅಮಿಗ್ಡಲ ಅನ್ನುವ ಭಾಗ ಎಚ್ಚರಿಕೆ ಕೊಡುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಯೋಚಿಸಿ ತೀರ್ಮಾನ ಮಾಡುವ ಮುಂಭಾಗ ಆ ಹೊತ್ತಿಗೆ ಹಿಂದೆ ಬೀಳುತ್ತದೆ. ಎದುರಿಗೆ ಇರುವುದು ಮೂರು ವರ್ಷದ ಮಗು, ಆದರೆ ಮೈ ತಯಾರಾಗುವುದು ಮೂವತ್ತು ವರ್ಷದ ಹಿಂದಿನ ಜಗಳಕ್ಕೆ. ಅಂಥ ಸ್ಥಿತಿಯಲ್ಲಿ ಇರುವವರಿಗೆ ಪೋಷಕತ್ವದ ಪಾಠ ಹೇಳಿ ಏನು ಉಪಯೋಗ ಹೇಳಿ?

ಇದನ್ನು ಮೊದಲ ಭೇಟಿಯಲ್ಲೇ ಬಿಡಿಸಿ ಹೇಳುತ್ತೇನೆ. ಜೊತೆಗೆ ಎರಡು ಅಧ್ಯಯನಗಳ ವಿಷಯವನ್ನೂ ಹೇಳುತ್ತೇನೆ. 1998ರಲ್ಲಿ ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡ ಬಾಲ್ಯದ ಕಹಿ ಅನುಭವಗಳ ಬಗ್ಗೆ ಸಾವಿರಾರು ದೊಡ್ಡವರನ್ನು ಕೇಳಿ ಒಂದು ಅಧ್ಯಯನ ಪ್ರಕಟಿಸಿದರು. ಅರ್ಧಕ್ಕಿಂತ ಜಾಸ್ತಿ ಜನ ಒಂದಾದರೂ ಅಂಥ ಅನುಭವ ಇದೆ ಅಂದರು. ಅಂದರೆ ಇದು ನಿಮ್ಮೊಬ್ಬರ ಕಥೆಯಲ್ಲ. ಇನ್ನೊಂದು ಇದಕ್ಕಿಂತ ಮುಖ್ಯ. 1987ರಲ್ಲಿ ಮನೋವಿಜ್ಞಾನಿಗಳಾದ ಜೋನ್ ಕಾಫ್‌ಮನ್ ಮತ್ತು ಎಡ್ವರ್ಡ್ ಜಿಗ್ಲರ್ ಅದುವರೆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದರು. ಬಾಲ್ಯದಲ್ಲಿ ಹಿಂಸೆ ಅನುಭವಿಸಿದವರಲ್ಲಿ ಸುಮಾರು ಶೇ. 30ರಷ್ಟು ಜನ ಮಾತ್ರ ತಮ್ಮ ಮಕ್ಕಳ ಮೇಲೆ ಅದನ್ನು ಮುಂದುವರಿಸುತ್ತಾರೆ ಅಂತ ಅಂದಾಜು ಕೊಟ್ಟರು. ಉಳಿದವರು ಮುಂದುವರಿಸುವುದಿಲ್ಲ. "ನಾನೂ ನಮ್ಮಪ್ಪನ ಥರಾನೇ ಆಗ್ತಿದ್ದೀನಿ" ಅನ್ನುವ ಭಯದಲ್ಲೇ ವರ್ಷಗಟ್ಟಲೆ ಬದುಕಿದವರಿಗೆ ಇದನ್ನು ಕೇಳಿದ ಕೂಡಲೇ ಭುಜ ಇಳಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬಾಲ್ಯದ ವಿವರ ಕೆದಕಲು ನಾನು ಆತುರ ಮಾಡುವುದಿಲ್ಲ. ಈಗ ಮನೆಯಲ್ಲಿ ಹಿಂಸೆ ನಡೆಯುತ್ತಿದೆಯಾ, ಮಗುವಿಗೆ ಅಪಾಯ ಇದೆಯಾ, ಇವರಿಗೆ ಸಾಯುವ ಯೋಚನೆ ಬರುತ್ತಿದೆಯಾ, ಕುಡಿತ ಕೈಮೀರಿದೆಯಾ ಅಂತ ಮೊದಲು ನೇರವಾಗಿ ಕೇಳುತ್ತೇನೆ. ಅಂಥದ್ದು ಇದ್ದರೆ ಬೇರೆಲ್ಲ ಆಮೇಲೆ. ಮಗುವಿನ ಜೀವಕ್ಕೆ ಅಪಾಯ ಅನಿಸಿದರೆ ವಿಷಯ ನನ್ನಲ್ಲೇ ಉಳಿಯುವುದಿಲ್ಲ ಅಂತಲೂ ಮೊದಲೇ ತಿಳಿಸುತ್ತೇನೆ.

ಆಮೇಲೆ ಮೈಯ ಸುಳಿವು ಹುಡುಕುವ ಕೆಲಸ. ಕೋಪ ನೆತ್ತಿಗೇರುವ ಮೊದಲು ಪ್ರತಿಯೊಬ್ಬರ ಮೈಯಲ್ಲೂ ಏನೋ ಒಂದು ಆಗುತ್ತದೆ. ಒಬ್ಬರಿಗೆ ದವಡೆ ಬಿಗಿಯಾಗುತ್ತದೆ, ಒಬ್ಬರಿಗೆ ಕಿವಿ ಬಿಸಿಯಾಗುತ್ತದೆ. ಅದನ್ನು ಗುರುತು ಹಿಡಿದರೆ ಏನಾದರೂ ಮಾಡಲು ಒಂದೆರಡು ಕ್ಷಣ ಸಿಗುತ್ತದೆ. ಪಾದವನ್ನು ನೆಲಕ್ಕೆ ಒತ್ತುವುದು, ಉಸಿರನ್ನು ತೆಗೆದುಕೊಳ್ಳುವುದಕ್ಕಿಂತ ಬಿಡುವುದನ್ನು ಉದ್ದ ಮಾಡುವುದು, ಕಣ್ಣಿಗೆ ಕಾಣುವ ಮೂರು ನಾಲ್ಕು ವಸ್ತುಗಳ ಹೆಸರು ಹೇಳಿಕೊಳ್ಳುವುದು. ಮಗು ಮಲಗಿದ್ದಾಗ, ಮನಸ್ಸು ಶಾಂತವಾಗಿದ್ದಾಗಲೇ ಇದನ್ನು ರೂಢಿ ಮಾಡಿಸುತ್ತೇನೆ. ಬಿರುಗಾಳಿ ಮಧ್ಯೆ ಹೊಸದಾಗಿ ಕಲಿಯಲು ಯಾರಿಗೂ ಆಗುವುದಿಲ್ಲ.

ಇನ್ನೊಂದು ಥರದವರನ್ನು ಎಲ್ಲರೂ ಮರೆತುಬಿಡುತ್ತಾರೆ. ಇವರು ಕೂಗುವುದಿಲ್ಲ, ಹೊಡೆಯುವುದಿಲ್ಲ. ಮಗು ಅತ್ತಾಗ ಮಂಕಾಗಿಬಿಡುತ್ತಾರೆ. "ಅವಳ ಅಳು ದೂರದಿಂದ ಕೇಳಿದ ಹಾಗೆ ಇರುತ್ತೆ" ಅಂತ ಒಬ್ಬ ತಾಯಿ ಹೇಳಿದ್ದರು. ಓಡಲೂ ಆಗದೆ ತಿರುಗಿ ಬೀಳಲೂ ಆಗದೆ ಇದ್ದ ಬಾಲ್ಯದಲ್ಲಿ ಮೈ ಕಂಡುಕೊಂಡ ದಾರಿ ಅದು. ಆದರೆ ಮಗುವಿಗೆ ಕಾಣುವುದು ಭಾವನೆಯೇ ಇಲ್ಲದ ಮುಖ. 1970ರ ದಶಕದಲ್ಲಿ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಮಾಡಿದ ಪ್ರಯೋಗದಲ್ಲಿ, ಆಡಿಸುತ್ತಿದ್ದ ತಾಯಿ ಕೆಲವೇ ನಿಮಿಷ ಮುಖದಲ್ಲಿ ಏನೂ ತೋರಿಸದೆ ಕೂತರೆ ಕೂಸು ನಗುತ್ತದೆ, ಕೈ ಚಾಚುತ್ತದೆ, ಕೊನೆಗೆ ಮುಖ ತಿರುಗಿಸಿ ಅಳುತ್ತದೆ. ಇದನ್ನು ಅರ್ಧ ಹೇಳಿ ನಿಲ್ಲಿಸಿದರೆ ತಾಯಿಯ ಮೇಲೆ ಇನ್ನೊಂದು ಹೊರೆ ಹೇರಿದಂತೆ. ಹಾಗಾಗಿ ಪೂರ್ತಿ ಹೇಳುತ್ತೇನೆ: ತಾಯಿ ಮತ್ತೆ ಮಾತಾಡಿಸಿದಾಗ ಆ ಕೂಸು ಮತ್ತೆ ಅವಳ ಕಡೆ ಬರುತ್ತದೆ. ತಪ್ಪಿದ ತಾಳ ಮತ್ತೆ ಕೂಡಿಸಿಕೊಳ್ಳಲು ಬರುತ್ತದಾ ಅನ್ನುವುದೇ ಮುಖ್ಯ. ಇಂಥವರಿಗೆ ಉಸಿರಿನ ಅಭ್ಯಾಸಕ್ಕಿಂತ ಎದ್ದು ನಿಲ್ಲುವುದು, ಮುಖಕ್ಕೆ ತಣ್ಣೀರು ಹಾಕಿಕೊಳ್ಳುವುದು, ಮಗುವಿನ ಹೆಸರನ್ನು ಬಾಯಿಬಿಟ್ಟು ಕರೆಯುವುದು ಜಾಸ್ತಿ ಕೆಲಸ ಮಾಡುತ್ತದೆ.

ಇಷ್ಟಾದ ಮೇಲೆ ಆಟ. ನನ್ನ ಪಾಲಿಗೆ ಚಿಕಿತ್ಸೆಯ ಜೀವಾಳ ಇದೇ. ಮನೋವಿಜ್ಞಾನಿ ಶೀಲಾ ಐಬರ್ಗ್ 1970ರ ದಶಕದಲ್ಲಿ ರೂಪಿಸಿದ ಪೋಷಕ-ಮಗು ಒಡನಾಟದ ಚಿಕಿತ್ಸೆಯಿಂದ ಇದನ್ನು ತೆಗೆದುಕೊಂಡಿದ್ದೇನೆ. ದಿನಕ್ಕೆ ಐದು ನಿಮಿಷ ಮಗು ಹೇಳಿದ ಹಾಗೆ ಆಡಬೇಕು. ಪ್ರಶ್ನೆ ಇಲ್ಲ, ಅಪ್ಪಣೆ ಇಲ್ಲ, ತಪ್ಪು ಹುಡುಕುವುದಿಲ್ಲ. ಮಗು ಮಾಡುತ್ತಿರುವುದನ್ನು ಮಾತಲ್ಲಿ ಹೇಳುವುದು, ಅದರ ಮಾತನ್ನೇ ತಿರುಗಿ ಹೇಳುವುದು, ಇಂಥದ್ದು ಚೆನ್ನಾಗಿ ಮಾಡಿದೆ ಅಂತ ಬಿಡಿಸಿ ಮೆಚ್ಚುವುದು. ಕೇಳಲು ಸುಲಭ. ಆಟವೇ ಇಲ್ಲದ ಬಾಲ್ಯ ಕಳೆದವರಿಗೆ ಇದು ಎಷ್ಟು ಕಷ್ಟ ಅಂತ ಎದುರಿಗೆ ಕೂತು ನೋಡಿದರೇ ಗೊತ್ತಾಗುವುದು.

ಒಬ್ಬ ಅಪ್ಪ, ನಾಲ್ಕು ವರ್ಷದ ಮಗ, ಮುಂದೆ ಮರದ ತುಂಡುಗಳು. ನಾನು ಒಂದು ಕಡೆಯಿಂದ ಮಾತ್ರ ಆಚೆ ಕಾಣುವ ಕನ್ನಡಿಯ ಹಿಂದೆ ಇದ್ದೆ, ನನ್ನ ಮಾತು ಕೇಳಿಸಲು ಅಪ್ಪನ ಕಿವಿಯಲ್ಲಿ ಇಯರ್‌ಫೋನ್ ಇತ್ತು. ಗೋಪುರ ಬಿತ್ತು. ಮಗ ಒಂದು ತುಂಡು ತೆಗೆದು ಗೋಡೆಗೆ ಎಸೆದ. ಅಪ್ಪನ ಬಲಗೈ ತೊಡೆಯ ಮೇಲೆ ಮುಷ್ಟಿಯಾಯಿತು. "ಕೈ ನೋಡ್ಕೊಳ್ಳಿ ಸರ್. ಪಾದ ಒತ್ತಿ. ಉಸಿರು ನಿಧಾನಕ್ಕೆ ಬಿಡಿ" ಅಂದೆ. ಬೆರಳು ಸಡಿಲವಾದ ಮೇಲೆ, "ಗೋಪುರ ಬಿತ್ತು, ನಿನಗೆ ಬೇಜಾರಾಯ್ತು ಅಂತ ಹೇಳಿ" ಅಂದೆ. ಅವರು ಹೇಳಿದರು. ದನಿ ಇನ್ನೂ ಗಡುಸಾಗೇ ಇತ್ತು. ಮಗ ತಿರುಗಿ ಅಪ್ಪನ ಮುಖ ನೋಡಿದ. ಇನ್ನೊಂದು ತುಂಡು ತೆಗೆದು ಅವರ ಕೈಗೇ ಕೊಟ್ಟ.

ಆಟ ಮುಗಿದ ಮೇಲೆ ಅವರೊಬ್ಬರೇ ಇದ್ದಾಗ ಕೇಳಿದೆ, ಮುಷ್ಟಿ ಬಿಗಿಯಾದಾಗ ಮನಸ್ಸಿಗೆ ಏನು ಬಂತು ಅಂತ. ತುಂಬಾ ಹೊತ್ತು ಸುಮ್ಮನಿದ್ದು, "ಮನೇಲಿ ಸಾಮಾನು ಬಿದ್ದ ಸದ್ದು ಕೇಳಿದ್ರೆ ನಾನು ಮಂಚದ ಕೆಳಗೆ ಹೋಗ್ತಿದ್ದೆ" ಅಂದರು. ತಮ್ಮಪ್ಪ ಹೊಡೆಯುತ್ತಿದ್ದದ್ದನ್ನು ಅವರು ಮೊದಲೇ ಹೇಳಿದ್ದರು, ಆದರೆ ಬೇರೆ ಯಾರದೋ ಸುದ್ದಿ ಓದಿದ ಹಾಗೆ. ಈ ಸಲ ಹೇಳಿದ್ದು ಮಂಚದ ಕೆಳಗಿದ್ದ ಹುಡುಗ. 1975ರಲ್ಲಿ ಮನೋವಿಶ್ಲೇಷಕಿ ಸೆಲ್ಮಾ ಫ್ರೈಬರ್ಗ್ ಮತ್ತು ಅವರ ಜೊತೆಗಾರರು ಬರೆದದ್ದು ಇದನ್ನೇ. ನಡೆದ ಘಟನೆ ನೆನಪಿದ್ದರೆ ಸಾಲದು, ಆಗ ಆದ ಭಯ ಮತ್ತು ನೋವು ಕೂಡ ನೆನಪಿಗೆ ಬಂದವರು ಅದನ್ನು ಮಕ್ಕಳ ಮೇಲೆ ಮತ್ತೆ ಮಾಡುವುದು ಕಡಿಮೆ ಅಂತ. ಹಳೆಯದನ್ನು ನಾನು ಅಗೆದು ತೆಗೆಯಬೇಕಾಗಿಲ್ಲ. ಐದು ನಿಮಿಷದ ಆಟದಲ್ಲಿ ಅದು ತಾನೇ ಎದ್ದು ಬರುತ್ತದೆ, ಅದೂ ತಡೆದುಕೊಳ್ಳಲು ಆಗುವಷ್ಟೇ ಅಳತೆಯಲ್ಲಿ.

ಮೆಚ್ಚುವ ಮಾತಿನದ್ದೂ ಇದೇ ಪಾಡು. ಚಿಕ್ಕಂದಿನಲ್ಲಿ ಒಂದೂ ಒಳ್ಳೆ ಮಾತು ಕೇಳದವರ ಬಾಯಲ್ಲಿ ಆ ಮಾತು ಹೊರಡುವುದಿಲ್ಲ. ಕೆಲವರಿಗೆ ಮಗುವಿನ ಮೇಲೆ ಹೊಟ್ಟೆಕಿಚ್ಚೂ ಆಗುತ್ತದೆ, "ನನಗೆ ಯಾರು ಹೇಳಿದ್ರು?" ಅಂತ. ಈ ಭಾವನೆ ಬಂದರೆ ನಾಚಿಕೆ ಪಡಬೇಕಿಲ್ಲ, ಅದು ಅವರಿಗೆ ಸಿಗದೇ ಹೋದದ್ದರ ದುಃಖ. ಅದಕ್ಕೆ ಅಳಲು ಜಾಗ ಕೊಡುತ್ತೇನೆ. ಅವರು ಮಾಡಿದ್ದನ್ನು ನಾನೂ ಬಿಡಿಸಿ ಮೆಚ್ಚುತ್ತೇನೆ, ಸುಮ್ನೆ "ಗುಡ್" ಅನ್ನುವುದಿಲ್ಲ. "ಕೈ ಬಿಗಿಯಾದಾಗಲೂ ನೀವು ಎದ್ದು ಹೋಗಲಿಲ್ಲ" ಅನ್ನುತ್ತೇನೆ.

ಶಿಸ್ತಿನ ವಿಷಯಕ್ಕೆ ಬಂದರೆ, ಏಟು ತಿಂದವರೆಲ್ಲ ಹೊಡೆಯುತ್ತಾರೆ ಅಂದುಕೊಳ್ಳುತ್ತೇವೆ. ನಾನು ನೋಡಿದವರಲ್ಲಿ ಬೇಡ ಅನ್ನಲೇ ಆಗದವರೂ ಬಹಳ. ಮಗುವಿಗೆ ಗಟ್ಟಿಯಾಗಿ ಹೇಳಿದರೆ ತಾವೂ ಅಪ್ಪನಂತೆ ಆದೆವು ಅನಿಸಿ ಎಲ್ಲದಕ್ಕೂ ಹೂಂ ಅನ್ನುತ್ತಾರೆ, ಸಹಿಸಿ ಸಹಿಸಿ ಒಂದು ದಿನ ಸ್ಫೋಟ ಆಗುತ್ತದೆ. ಶಾಂತವಾಗಿ ಬೇಡ ಅನ್ನುವುದು ಹಿಂಸೆಯಲ್ಲ ಅಂತ ಇವರ ಮೈಗೆ ಗೊತ್ತಾಗಬೇಕು, ಅದಕ್ಕೆ ಬಾಯಿಬಿಟ್ಟು ಹೇಳಿಸಿ ಅಭ್ಯಾಸ ಮಾಡಿಸುತ್ತೇನೆ. ಒಂದು ಸಲಕ್ಕೆ ಒಂದೇ ಮಾತು. "ಓಡಬೇಡ" ಅನ್ನುವ ಬದಲು "ನನ್ನ ಕೈ ಹಿಡಿದು ನಡಿ". ಹೇಳಿ ಐದು ಸೆಕೆಂಡು ಕಾಯುವುದು. ಮಗುವನ್ನು ಒಂದು ಕಡೆ ಕೂರಿಸುವ ಟೈಮ್‌-ಔಟ್ ಕ್ರಮ ಸರಿಯಾಗಿ ಮಾಡಿದರೆ ಉಪಯೋಗಕ್ಕೆ ಬರುತ್ತದೆ, ಆದರೆ ಕೋಣೆಯಲ್ಲಿ ಕೂಡಿಹಾಕಿಸಿಕೊಂಡು ಬೆಳೆದವರಿಗೆ ನಾನು ಅದನ್ನು ಹೇಳುವುದಿಲ್ಲ. ಅವರು ಮಗುವಿನ ಪಕ್ಕದಲ್ಲೇ ಕೂತು ಹೇಳಿದ ಮಾತಿಗೆ ಅಂಟಿಕೊಳ್ಳಲಿ, ಸಾಕು.

ಕೂಗಿಬಿಟ್ಟ ದಿನ ಏನು ಮಾಡಬೇಕು? ಅಂಥ ದಿನ ಬಂದೇ ಬರುತ್ತದೆ. ಮೊದಲು ತಾವು ತಣ್ಣಗಾಗಬೇಕು, ಆಮೇಲೆ ಮಗುವಿನ ಎತ್ತರಕ್ಕೆ ಕೂತು, "ನಾನು ಜೋರಾಗಿ ಕೂಗಿದೆ. ನಿನಗೆ ಭಯ ಆಯ್ತು. ತಪ್ಪು ನಂದು" ಅನ್ನಬೇಕು. ಅಲ್ಲಿಗೇ ನಿಲ್ಲಿಸಬೇಕು. "ಆದ್ರೆ ನೀನು ಹಾಗೆ ಮಾಡಿದ್ದಕ್ಕೆ" ಅಂತ ಬಾಲ ಸೇರಿಸಿದರೆ ಕ್ಷಮೆ ಅಲ್ಲಿಗೇ ಮುಗಿಯಿತು. ತಮ್ಮ ಅಪ್ಪ ಅಮ್ಮ ಒಮ್ಮೆಯೂ ಹೀಗೆ ಹೇಳದಿದ್ದಕ್ಕೆ ಹಲವರಿಗೆ ಈ ಮೂರು ವಾಕ್ಯ ಅಭ್ಯಾಸ ಮಾಡುವಾಗಲೇ ಗಂಟಲು ಕಟ್ಟುತ್ತದೆ.

ಕೆಟ್ಟ ಕನಸು, ಹಳೆಯ ಘಟನೆ ಕಣ್ಣೆದುರಿಗೇ ಮತ್ತೆ ನಡೆದಂತೆ ಆಗುವುದು, ನಿದ್ದೆ ಇಲ್ಲದಿರುವುದು ಇದ್ದರೆ ಆಟದ ಚಿಕಿತ್ಸೆ ಒಂದೇ ಸಾಲದು. ಆಗ ಆಘಾತಕ್ಕೆಂದೇ ಇರುವ ಇಎಂಡಿಆರ್‌ನಂಥ (ಹಳೆಯ ಘಟನೆ ನೆನೆಯುತ್ತಾ ಕಣ್ಣನ್ನು ಅತ್ತಿತ್ತ ಆಡಿಸುವ) ಚಿಕಿತ್ಸೆಗೆ, ಬೇಕಾದರೆ ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಎರಡೂ ಒಟ್ಟಿಗೆ ನಡೆಯಬಹುದು. ನೀವು ಪೂರ್ತಿ ಗುಣವಾದ ಮೇಲೆ ಮಗುವಿನ ಕೆಲಸ ಶುರು ಮಾಡೋಣ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಷ್ಟರಲ್ಲಿ ಮಗು ಬೆಳೆದಿರುತ್ತದೆ.

ಸುಧಾರಣೆ ಆಗಿದೆಯಾ ಅಂತ ನೋಡಲು ಕೂಗುವುದು ಪೂರ್ತಿ ನಿಂತಿತಾ ಅಂತ ಕೇಳುವುದಿಲ್ಲ. ಜಗಳ ಆದ ಮೇಲೆ ಮಗುವಿನ ಹತ್ತಿರ ಮರಳಲು ಎಷ್ಟು ಹೊತ್ತು ಹಿಡಿಯುತ್ತಿದೆ, "ಬೇಕಂತಲೇ ಮಾಡ್ತಾನೆ" ಅನ್ನುತ್ತಿದ್ದವರು "ಅವನಿಗೆ ನಿದ್ದೆ ಬಂದಿತ್ತು ಅನ್ಸುತ್ತೆ" ಅನ್ನಲು ಶುರು ಮಾಡಿದ್ದಾರಾ ಅಂತ ಗಮನಿಸುತ್ತೇನೆ. ಅದು ಕಂಡ ಮೇಲೆ ಭೇಟಿಗಳ ನಡುವಿನ ಅಂತರ ಹೆಚ್ಚಿಸುತ್ತೇನೆ. ಮುಗಿಸುವ ಮೊದಲು ಒಂದು ವಯಸ್ಸನ್ನು ಇಬ್ಬರೂ ಸೇರಿ ಬರೆದಿಟ್ಟುಕೊಳ್ಳುತ್ತೇವೆ. ಅವರಿಗೆ ಅತಿ ಕೆಟ್ಟದ್ದು ನಡೆದಾಗ ಅವರಿಗಿದ್ದ ವಯಸ್ಸು. ಅವರ ಮಗು ಆ ವಯಸ್ಸಿಗೆ ಬಂದಾಗ ಅಡಗಿದ್ದದ್ದು ಮತ್ತೆ ತಲೆ ಎತ್ತುವುದನ್ನು ನೋಡಿದ್ದೇನೆ, ಹಾಗಾಗಿ ಏನೂ ತೊಂದರೆ ಇಲ್ಲದಿದ್ದರೂ ಆ ವರ್ಷ ಒಮ್ಮೆ ಬಂದು ಹೋಗಿ ಅಂತ ಹೇಳಿಯೇ ಕಳಿಸುತ್ತೇನೆ.