ನನ್ನ ಅನುಭವ: ಸ್ವಂತ ಮಗನಿಗೆ ನಾನು ‘ಕೇರರ್’ ಆದದ್ದು

ನೀವು ಯಾರನ್ನಾದರೂ ನೋಡಿಕೊಳ್ಳುತ್ತಿದ್ದೀರಾ ಎಂಬ ಅರ್ಥದ ಒಂದು ಪ್ರಶ್ನೆ, ಕೆಲಸವಿಲ್ಲದ ಅಥವಾ ಕಡಿಮೆ ಆದಾಯದ ಮನೆಗಳಿಗೆ ಬ್ರಿಟನ್ ಸರ್ಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್ ಹಣದ ಅರ್ಜಿಯಲ್ಲಿ ಬರುತ್ತದೆ. 2024ರ ಜೂನ್ 24ರ ಸೋಮವಾರ ಸಂಜೆ, ಲೆಸ್ಟರಿನ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಕೂತು ನಾನು ಅದಕ್ಕೆ ‘ಇಲ್ಲ’ ಎಂದು ಒತ್ತಿದೆ. ಹಾಗೆ ಒತ್ತುವಾಗ ನನ್ನ ಎಡಗೈ ಮೌಸಿನ ಮೇಲಿತ್ತು, ಬಲಗೈಯಲ್ಲಿ ಎಂಟು ವರ್ಷದ ಮಗನಿಗೆ ಮೊಸರನ್ನದ ತುತ್ತು ಇತ್ತು. ಅವನಿಗೆ ಆಟಿಸಂ. ಈಗಲೂ ತಾನೇ ಕಲಸಿಕೊಂಡು ತಿನ್ನುವುದಿಲ್ಲ.

ಆ ಒಂದು ‘ಇಲ್ಲ’ದಿಂದ, ನೋಡಿಕೊಳ್ಳುವವರಿಗೆ ಸಿಗುವ ಎರಡು ತಿಂಗಳ ಹಣ ಹೋಯಿತು. ನನ್ನ ಹಾಗೆ ಮಧ್ಯವಯಸ್ಸಿನಲ್ಲಿ ಓದು ಮುಗಿಸಿ, ಸಂಸಾರ ಇಟ್ಟುಕೊಂಡು, ಕೆಲಸ ಸಿಗದೆ ಬ್ರಿಟನ್ನಿನಲ್ಲಿ ಕೂತಿರುವ ಕನ್ನಡದ ಹೆಣ್ಣುಮಕ್ಕಳು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಹಾಸನದಲ್ಲಿ ಬಿಕಾಂ ಎರಡನೇ ವರ್ಷಕ್ಕೇ ಓದು ನಿಂತಿತ್ತು, ಮದುವೆಯಾಯಿತು. 2011ರಲ್ಲಿ ಯಜಮಾನರ ಕೆಲಸದ ವೀಸಾ ಮೇಲೆ ಇಲ್ಲಿಗೆ ಬಂದೆವು, 2016ರಲ್ಲಿ ಇಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ, ಅಂದರೆ ಐಎಲ್‌ಆರ್ ಸಿಕ್ಕಿತು. 2021ರಲ್ಲಿ, ಮೂವತ್ತೊಂಬತ್ತನೇ ವಯಸ್ಸಿಗೆ, ಅಕೌಂಟಿಂಗ್ ಡಿಗ್ರಿಗೆ ಸೇರಿದೆ. ಮೂರು ವರ್ಷ ಓದಿ ಮುಗಿಸುವ ಹೊತ್ತಿಗೆ ಯಜಮಾನರಿಗೆ ಕಂಪನಿಯಲ್ಲಿ ಹುದ್ದೆಯೇ ಬೇಡವೆಂದು ರಿಡಂಡೆನ್ಸಿ ಕೊಟ್ಟು ಕೆಲಸದಿಂದ ತೆಗೆದರು. ಒಂದೇ ತಿಂಗಳಲ್ಲಿ ನನ್ನ ಸ್ಟೂಡೆಂಟ್ ಲೋನೂ ನಿಂತಿತು, ಅವರ ಸಂಬಳವೂ ನಿಂತಿತು.

ಮುಂದೆ ಹೋಗುವ ಮೊದಲು ಒಂದು ಮಾತು. ನಮಗೆ ಐಎಲ್‌ಆರ್ ಇತ್ತು, ಅದಕ್ಕೇ ಅರ್ಜಿ ಹಾಕಿದೆವು. ಕೆಲಸದ ವೀಸಾ, ಓದಿನ ವೀಸಾ, ಡಿಪೆಂಡೆಂಟ್ ವೀಸಾದಲ್ಲಿ ಇರುವವರ ಷರತ್ತಿನಲ್ಲಿ ಸಾಮಾನ್ಯವಾಗಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ ಎಂದಿರುತ್ತದೆ, ಅಂದರೆ ಸರ್ಕಾರದ ನೆರವಿನ ಹಣ ಪಡೆಯುವಂತಿಲ್ಲ. ಯೂನಿವರ್ಸಲ್ ಕ್ರೆಡಿಟ್, ಮಕ್ಕಳಿರುವ ಮನೆಗೆ ಕೊಡುವ ಚೈಲ್ಡ್ ಬೆನಿಫಿಟ್, ಹೆಚ್ಚಿನ ಆರೈಕೆ ಬೇಕಾದ ಮಕ್ಕಳಿಗೆ ಕೊಡುವ ಡಿಎಲ್‌ಎ, ಅಂಥವರನ್ನು ನೋಡಿಕೊಳ್ಳುವವರಿಗೆ ಕೊಡುವ ಕೇರರ್ಸ್ ಅಲೊವೆನ್ಸ್ ಎಲ್ಲವೂ ಆ ಪಟ್ಟಿಯಲ್ಲಿವೆ. ಅಂಥವರು ಗೊತ್ತಿಲ್ಲದೆ ಅರ್ಜಿ ಹಾಕಿದರೆ ವೀಸಾಕ್ಕೇ ಕುತ್ತು. ಮೊದಲು ನಿಮ್ಮ ವೀಸಾದ ಷರತ್ತು ಓದಿಕೊಳ್ಳಿ.

ಅರ್ಜಿ ಹಾಕುವ ದಿನವನ್ನು ನಾವು ಲೆಕ್ಕ ಹಾಕಿಯೇ ಆರಿಸಿದೆವು. ಯೂನಿವರ್ಸಲ್ ಕ್ರೆಡಿಟ್‌ನ ಲೆಕ್ಕ ತಿಂಗಳ ಲೆಕ್ಕ. ಅರ್ಜಿ ಹಾಕಿದ ದಿನದಿಂದ ಒಂದು ತಿಂಗಳು ಎಣಿಸುತ್ತಾರೆ, ಆ ತಿಂಗಳೊಳಗೆ ಕೈಗೆ ಬಂದ ಸಂಬಳವೆಲ್ಲ ಅದರಲ್ಲಿ ಕಡಿತವಾಗುತ್ತದೆ. ಯಜಮಾನರ ಕೊನೆಯ ಸಂಬಳ ಜೂನ್ 21ರ ಶುಕ್ರವಾರ ಬರುವುದಿತ್ತು. ಅದು ಬರುವ ಮುಂಚೆ ಹಾಕಿದ್ದರೆ ಮೊದಲ ತಿಂಗಳ ಹಣವೆಲ್ಲ ಅದರಲ್ಲೇ ಕೊಚ್ಚಿಹೋಗುತ್ತಿತ್ತು. ನನ್ನ ಕೋರ್ಸಿನ ಕೊನೆಯ ದಿನ ಜೂನ್ 14. ಕೋರ್ಸ್ ನಡೆಯುತ್ತಿರುವಾಗ ಸ್ಟೂಡೆಂಟ್ ಲೋನನ್ನೂ ಆದಾಯವೆಂದೇ ಹಿಡಿಯುತ್ತಾರೆ, ಆದ್ದರಿಂದ ಅದೂ ಮುಗಿಯಲಿ ಎಂದು ಕಾದೆವು. ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಓದು ಮುಗಿದದ್ದು ಎಂದರೆ ಗೌನು ಹಾಕಿಕೊಂಡು ಫೋಟೊ ತೆಗೆಸಿಕೊಂಡ ದಿನವಲ್ಲ, ಕೋರ್ಸಿನ ಕೊನೆಯ ದಿನ. ಆ ತಾರೀಖು ಇರುವ ಒಂದು ಪತ್ರವನ್ನು ಯೂನಿವರ್ಸಿಟಿಯಿಂದ ಮೊದಲೇ ಬರೆಸಿಕೊಂಡಿದ್ದೆ. ಅದು ಕೆಲಸಕ್ಕೆ ಬಂತು.

ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಆನ್‌ಲೈನ್ ಖಾತೆ ತೆರೆದು, ಒಂದು ಕೋಡ್ ಹಾಕಿ ಜೋಡಿಸಬೇಕು. ಅರ್ಜಿ ಒಂದೇ, ಹಣವೂ ಒಂದೇ ಬ್ಯಾಂಕ್ ಖಾತೆಗೆ. ಮೊದಲ ಹಣ ಬರಲು ಸುಮಾರು ಐದು ವಾರ ಹಿಡಿಯುತ್ತದೆ. ಬೇಕೆಂದರೆ ಅಡ್ವಾನ್ಸ್ ಕೊಡುತ್ತಾರೆ, ಆದರೆ ಅದು ಸಾಲ, ಮುಂದಿನ ಹಣದಲ್ಲಿ ಮುರಿದುಕೊಳ್ಳುತ್ತಾರೆ. ನಾವು ತೆಗೆದುಕೊಳ್ಳಲಿಲ್ಲ. ಅದರ ಬದಲು ಯಜಮಾನರು ಕೆಲಸ ಹುಡುಕುವವರಿಗೆ ಕೊಡುವ ನ್ಯೂ ಸ್ಟೈಲ್ ಜೆಎಸ್ಎ ಭತ್ಯೆಗೂ ಅರ್ಜಿ ಹಾಕಿದರು. ಅವರು ವರ್ಷಗಟ್ಟಲೆ ಸರ್ಕಾರಕ್ಕೆ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆ ಕಟ್ಟಿದ್ದರಿಂದ ಆಗ ವಾರಕ್ಕೆ 90.50 ಪೌಂಡ್, 182 ದಿನ. ನಾನು ಮೂರು ವರ್ಷ ಓದುತ್ತಿದ್ದೆ, ಕಟ್ಟಿರಲಿಲ್ಲ, ನನಗಿಲ್ಲ. ಜೆಎಸ್ಎ ಹಣವನ್ನು ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಅಷ್ಟಕ್ಕಷ್ಟು ಕಳೆಯುತ್ತಾರೆ, ಮತ್ತೇಕೆ ಅಂತ ನೀವು ಕೇಳಬಹುದು. ಅದು ಹದಿನೈದು ದಿನಕ್ಕೊಮ್ಮೆ ಬರುತ್ತದೆ. ಆ ಐದು ವಾರ ದಿನಸಿ ತಂದದ್ದು ಅದರಲ್ಲೇ.

ಉಳಿತಾಯದ ಪ್ರಶ್ನೆ ನಮ್ಮವರಿಗೆ ಕಷ್ಟದ್ದು. ಇಬ್ಬರದೂ ಸೇರಿ 16,000 ಪೌಂಡಿಗಿಂತ ಹೆಚ್ಚಿದ್ದರೆ ಯೂನಿವರ್ಸಲ್ ಕ್ರೆಡಿಟ್ ಇಲ್ಲವೇ ಇಲ್ಲ. 6,000ದ ಒಳಗಿದ್ದರೆ ಕಡಿತವಿಲ್ಲ. ನಡುವೆ ಇದ್ದರೆ ಪ್ರತಿ 250 ಪೌಂಡಿಗೆ ತಿಂಗಳಿಗೆ 4.35 ಪೌಂಡ್ ಕಳೆಯುತ್ತಾರೆ. ರಿಡಂಡೆನ್ಸಿ ಹಣವೂ ಸೇರಿ ನಮ್ಮದು 11,000 ಇತ್ತು, ತಿಂಗಳಿಗೆ 87 ಪೌಂಡ್ ಕಡಿತ. ಊರಿನ ಆಸ್ತಿಯೂ ಲೆಕ್ಕಕ್ಕೆ ಬರುತ್ತದೆ. ಹಾಸನದ ಮನೆ ಮಾವನವರ ಹೆಸರಿನಲ್ಲಿದೆ, ಅದು ನಮ್ಮದಲ್ಲ. ಮೈಯ ಮೇಲಿನ ಒಡವೆಯನ್ನು ಎಣಿಸುವುದಿಲ್ಲ. ಆದರೆ ನಮಗೆ ಗೊತ್ತಿರುವ ಒಂದು ಕುಟುಂಬಕ್ಕೆ ಮೈಸೂರಿನಲ್ಲಿ ತಮ್ಮದೇ ಹೆಸರಿನ ಮೂವತ್ತು ನಲವತ್ತರ ಸೈಟಿತ್ತು. “ಇಂಡಿಯಾದ್ದು ಇವರಿಗೆ ಹೇಗೆ ಗೊತ್ತಾಗತ್ತೆ, ಬಿಡಿ” ಅಂತ ಸಲಹೆ ಕೊಟ್ಟವರು ಬಹಳ ಜನ. ಆ ಕುಟುಂಬದವರು ಸೈಟಿನ ವಿಷಯ ಹೇಳಿಯೇ ಹೇಳಿದರು, ಯೂನಿವರ್ಸಲ್ ಕ್ರೆಡಿಟ್ ಸಿಗಲಿಲ್ಲ. ಅವರು ಮಾಡಿದ್ದೇ ಸರಿ. ಮುಚ್ಚಿಟ್ಟು ತೆಗೆದುಕೊಂಡ ಹಣ ಒಂದಲ್ಲ ಒಂದು ದಿನ ಸಾಲವಾಗಿ ತಿರುಗಿ ಬರುತ್ತದೆ, ಕೇಸೂ ಆಗಬಹುದು. ಅವರ ಮಗಳಿಗೆ ಡಿಎಲ್‌ಎ ಇತ್ತು, ತಾಯಿಗೆ ಕೇರರ್ಸ್ ಅಲೊವೆನ್ಸ್ ಸಿಕ್ಕಿತು. ಅದಕ್ಕೆ ಉಳಿತಾಯ, ಸೈಟು ಯಾವುದನ್ನೂ ನೋಡುವುದಿಲ್ಲ.

ಡಿಎಲ್‌ಎ ಅಂದೆನಲ್ಲ, ಎಲ್ಲಕ್ಕೂ ಬೀಗದ ಕೈ ಅದೇ. ಹದಿನಾರು ತುಂಬದ, ಹೆಚ್ಚಿನ ಆರೈಕೆ ಬೇಕಾದ ಮಕ್ಕಳಿಗೆ ಕೊಡುವ ಹಣ ಅದು. ಆರೈಕೆಯ ಭಾಗದಲ್ಲಿ ಮಧ್ಯಮ ಅಥವಾ ಮೇಲಿನ ದರ ಸಿಕ್ಕಿದರೆ ಮಾತ್ರ ನೋಡಿಕೊಳ್ಳುವವರಿಗೆ ಕೇರರ್ ಹಣದ ದಾರಿ ತೆರೆಯುತ್ತದೆ. ಮಗನಿಗೆ 2022ರಲ್ಲೇ ಮಧ್ಯಮ ದರ ಸಿಕ್ಕಿತ್ತು. ಆ ಫಾರಂ ತುಂಬಿದ ವಾರ ನನಗೆ ಇವತ್ತಿಗೂ ಮರೆಯುವುದಿಲ್ಲ. ಮೊದಲು ಬರೆದದ್ದನ್ನು ಜನರಿಗೆ ಉಚಿತವಾಗಿ ಸಲಹೆ ಕೊಡುವ ಸಂಸ್ಥೆಯಾದ ಸಿಟಿಜನ್ಸ್ ಅಡ್ವೈಸ್‌ನ ಒಬ್ಬ ಹಿರಿಯ ಹೆಂಗಸಿಗೆ ತೋರಿಸಿದೆ. ‘ಹಲ್ಲುಜ್ಜಲು ಸ್ವಲ್ಪ ಸಹಾಯ ಬೇಕು’ ಎಂದು ಬರೆದಿದ್ದೆ. ಸ್ವಲ್ಪ ಎಂದರೆ ಎಷ್ಟು, ಇವತ್ತು ಬೆಳಿಗ್ಗೆ ಏನಾಯಿತು ಹೇಳಿ, ಎಂದು ಅವರು ಕೇಳಿದರು. ಹೇಳಿದೆ: ಬ್ರಷ್ ಕಂಡರೆ ಮಂಚದ ಕೆಳಗೆ ಹೋಗುತ್ತಾನೆ. ಕರೆದುಕೊಂಡು ಬರಲು ಹತ್ತು ನಿಮಿಷ. ಹಿಂದಿನಿಂದ ತಬ್ಬಿ ಹಿಡಿದು, ಒಂದರಿಂದ ಇಪ್ಪತ್ತು ಎಣಿಸುತ್ತಾ ಉಜ್ಜಬೇಕು, ಎಣಿಕೆ ತಪ್ಪಿದರೆ ಮತ್ತೆ ಮೊದಲಿಂದ. ಅವರು ಪೆನ್ನು ನನ್ನ ಕೈಗೆ ಕೊಟ್ಟು, ಇದನ್ನೇ ಬರೆಯಿರಿ, ಎಂದರು.

ಒಂದು ವಾರ ಡೈರಿ ಬರೆದೆ. ಶೂ ಹಾಕುವುದು, ರಸ್ತೆಯಲ್ಲಿ ಕೈ ಬಿಡಿಸಿಕೊಂಡು ಓಡುವುದು, ರಾತ್ರಿ ಎರಡಕ್ಕೆ ಎದ್ದು ಮನೆಯ ದೀಪಗಳನ್ನೆಲ್ಲ ಹಾಕುವುದು. ನಮಗೆ “ಪರವಾಗಿಲ್ಲ, ಈಗ ಸುಧಾರಿಸಿದ್ದಾನೆ” ಅನ್ನುವುದು ಬಾಯಿಪಾಠವಾಗಿರುತ್ತದೆ, ಅತ್ತೆಗೂ ಹಾಗೇ, ನೆಂಟರಿಗೂ ಹಾಗೇ. ಮಗನ ಕಷ್ಟವನ್ನು ಇದ್ದದ್ದು ಇದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದು ಓದಿಕೊಂಡಾಗ ಅತ್ತುಬಿಟ್ಟೆ.

ಇಷ್ಟೆಲ್ಲ ಬರೆದಿದ್ದವಳು ಎರಡು ವರ್ಷದ ಮೇಲೆ ‘ನೋಡಿಕೊಳ್ಳುತ್ತಿದ್ದೀರಾ’ ಎಂದರೆ ಇಲ್ಲ ಎಂದೆ. ಕೇರರ್ ಎಂದರೆ ಹಣ ತೆಗೆದುಕೊಂಡು ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವವರು ಎಂದೇ ನನ್ನ ತಲೆಯಲ್ಲಿತ್ತು. ನಾನು ತಾಯಿ. ಆಮೇಲೆ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳೂ ಅದನ್ನೇ ಕೇಳಿದಳು: “ಹೆತ್ತ ಮಗೂನ ನೋಡ್ಕೊಳ್ಳೋಕೆ ಯಾರಾದ್ರೂ ದುಡ್ಡು ಕೊಡ್ತಾರೇನೇ?”

ಗೊತ್ತಾದದ್ದು ಸೆಪ್ಟೆಂಬರ್ 9ಕ್ಕೆ. ಸರ್ಕಾರದ ಉದ್ಯೋಗ ಕಚೇರಿಯಾದ ಜಾಬ್ ಸೆಂಟರಿನಲ್ಲಿ, ಕೆಲಸ ಹುಡುಕಲು ಮಾರ್ಗದರ್ಶನ ಮಾಡುವ ವರ್ಕ್ ಕೋಚ್ ಮುಂದಿನ ಭೇಟಿಯನ್ನು ಮಧ್ಯಾಹ್ನ ಮೂರಕ್ಕೆ ಇಡಲು ಹೋದರು. ಮೂರಕ್ಕೆ ಆಗುವುದಿಲ್ಲ, ಮಗನ ಸ್ಕೂಲ್ ಟ್ಯಾಕ್ಸಿ ಬರುತ್ತದೆ, ಬಾಗಿಲಲ್ಲಿ ನಾನೇ ಇರಬೇಕು, ಬೇರೆ ಯಾರು ನಿಂತರೂ ಇಳಿಯುವುದಿಲ್ಲ ಎಂದೆ. ಆಕೆ ಒಂದೊಂದಾಗಿ ಕೇಳುತ್ತಾ ಹೋದರು. ಅವನಿಗೆ ಡಿಎಲ್‌ಎ ಇದೆಯೇ? ಯಾವ ದರ? ವಾರಕ್ಕೆ ಎಷ್ಟು ಗಂಟೆ ನೋಡಿಕೊಳ್ಳುತ್ತೀರಿ? ಬೆಳಿಗ್ಗೆ ಎರಡು, ಸಂಜೆಯಿಂದ ಮಲಗುವ ತನಕ ಐದು, ರಾತ್ರಿ ಎಚ್ಚರ, ಶನಿವಾರ ಭಾನುವಾರ ಪೂರ್ತಿ ಎಂದು ಬೆರಳೆಣಿಸಿದೆ. ಮೂವತ್ತೈದು ದಾಟಿ ಎಲ್ಲೋ ಹೋಗಿತ್ತು. ಬೇಕಾದದ್ದು ಮೂವತ್ತೈದೇ. ಆಕೆ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. ನನ್ನ ‘ಇಲ್ಲ’ ಅಲ್ಲೇ ಇತ್ತು.

ಅವತ್ತೇ ಖಾತೆಯಲ್ಲಿ ಬದಲಾಯಿಸಿದೆ. ಕೇರರ್ ಎಲಿಮೆಂಟ್, ಅಂದರೆ ಯೂನಿವರ್ಸಲ್ ಕ್ರೆಡಿಟ್ ಒಳಗೆ ನೋಡಿಕೊಳ್ಳುವವರ ಪಾಲು, ಎಂದು ತಿಂಗಳಿಗೆ 198.31 ಪೌಂಡ್ ಆ ತಿಂಗಳಿಂದ ಸೇರಿತು. ಹಿಂದಿನ ಎರಡು ತಿಂಗಳದ್ದು ಬರಲಿಲ್ಲ. 396.62 ಪೌಂಡ್. ಚಳಿಗಾಲದ ಗ್ಯಾಸ್ ಬಿಲ್ಲಿಗೆ ಆಗುತ್ತಿತ್ತು ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬಾಡಿಗೆಯ ಪಾಲು ಬಿಟ್ಟು ನಮ್ಮ ಲೆಕ್ಕ ಹೀಗಿತ್ತು. ದಂಪತಿಗೆ 617.60, ದೊಡ್ಡವಳಾದ ಮಗಳಿಗೆ 333.33, ಮಗನಿಗೆ 287.92, ಅವನ ಡಿಎಲ್‌ಎ ಕಾರಣಕ್ಕೆ ಹೆಚ್ಚುವರಿ 156.11, ಮತ್ತೆ ನನ್ನ 198.31. ಒಟ್ಟು 1593.27. ಅದರಲ್ಲಿ ಉಳಿತಾಯದ 87, ಜೆಎಸ್ಎ ಹಣ ಕಳೆದು ಕೈಗೆ. ಡಿಎಲ್‌ಎಯನ್ನಾಗಲಿ ಚೈಲ್ಡ್ ಬೆನಿಫಿಟ್ಟನ್ನಾಗಲಿ ಆದಾಯವೆಂದು ಹಿಡಿಯುವುದಿಲ್ಲ. ಸ್ಥಳೀಯ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ಟ್ಯಾಕ್ಸಿನ ರಿಯಾಯಿತಿ ಮಾತ್ರ ಇದರಲ್ಲಿ ಬರುವುದಿಲ್ಲ, ಕೌನ್ಸಿಲ್ಲಿಗೆ ಬೇರೆಯೇ ಅರ್ಜಿ ಹಾಕಬೇಕು.

ಕೇರರ್ ಎಂದು ದಾಖಲಾದ ಮೇಲೆ ನನ್ನ ಮೇಲೆ ಕೆಲಸ ಹುಡುಕುವ ಕಡ್ಡಾಯ ಉಳಿಯಲಿಲ್ಲ. ನಾನು ಹುಡುಕುವುದನ್ನು ಬಿಡಲಿಲ್ಲ. ನಲವತ್ತೆರಡಕ್ಕೆ ಪಡೆದ ಡಿಗ್ರಿಯನ್ನು ಗೋಡೆಗೆ ತೂಗುಹಾಕಲು ಮನಸ್ಸಿರಲಿಲ್ಲ. 2025ರ ಜನವರಿಯಲ್ಲಿ ಒಂದು ಸಣ್ಣ ಚಾರಿಟಿಯ ಲೆಕ್ಕಪತ್ರ ನೋಡುವ ಕೆಲಸ ಸಿಕ್ಕಿತು, ಮಗ ಸ್ಕೂಲಿನಲ್ಲಿರುವ ಹೊತ್ತಿಗೆ, ವಾರಕ್ಕೆ 15 ಗಂಟೆ, ಗಂಟೆಗೆ 12 ಪೌಂಡ್.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಕೇರರ್ಸ್ ಅಲೊವೆನ್ಸ್ ಬೇರೆ, ಯೂನಿವರ್ಸಲ್ ಕ್ರೆಡಿಟ್ ಒಳಗಿನ ಕೇರರ್ ಎಲಿಮೆಂಟ್ ಬೇರೆ. ಎಲಿಮೆಂಟ್ ಸಿಗಲು ಅಲೊವೆನ್ಸ್ ತೆಗೆದುಕೊಂಡಿರಲೇಬೇಕು ಅಂತಿಲ್ಲ, ತೆಗೆದುಕೊಂಡರೆ ಅದನ್ನು ಅಷ್ಟಕ್ಕಷ್ಟು ಕಳೆಯುತ್ತಾರೆ. ಅದಕ್ಕೇ ನಾನು ಮೊದಲು ಅಲೊವೆನ್ಸಿಗೆ ಹೋಗಿರಲಿಲ್ಲ. ಅಲೊವೆನ್ಸಿಗೆ ದುಡಿಮೆಯ ಮಿತಿ ಆಗ ವಾರಕ್ಕೆ 151 ಪೌಂಡ್ ಇತ್ತು. ಒಂದು ಪೌಂಡ್ ಮೀರಿದರೂ ಆ ವಾರದ್ದು ಪೂರ್ತಿ ಹೋಗುತ್ತದೆ. ನೋಡಿಕೊಳ್ಳುವವರು ದುಡಿಯಲೇಬಾರದು ಎಂಬಂತಿರುವ ಈ ನಿಯಮ ಅನ್ಯಾಯದ್ದು ಎಂದು ನಾನು ನಂಬಿದ್ದೇನೆ. ಗೊತ್ತಿಲ್ಲದೆ ಮೀರಿ, ಸಾವಿರಾರು ಪೌಂಡ್ ವಾಪಸ್ ಕಟ್ಟಬೇಕಾದ ತಾಯಂದಿರು ಈ ದೇಶದಲ್ಲಿ ಎಷ್ಟೋ ಜನ. ನನ್ನ ಸಂಬಳ 180, ಮಿತಿಯ ಮೇಲೆ. ಆದರೆ ಎಲಿಮೆಂಟಿಗೆ ಆ ಮಿತಿ ಇಲ್ಲ, ಉಳಿಯಿತು. ಸಂಬಳದ ಮೊದಲ 404 ಪೌಂಡನ್ನು ಮುಟ್ಟಲಿಲ್ಲ, ಉಳಿದದ್ದರಲ್ಲಿ ಪೌಂಡಿಗೆ 55 ಪೆನ್ಸ್ ಕಳೆದರು. ತಿಂಗಳಿಗೆ 780 ದುಡಿದರೆ 206.80 ಕಡಿತ. ಉಳಿದದ್ದು ನಮ್ಮದೇ.

ಮಾರ್ಚಿನಲ್ಲಿ ಯಜಮಾನರಿಗೂ ಕೆಲಸವಾಯಿತು. ಅವರ ಮೊದಲ ಪೂರ್ತಿ ಸಂಬಳ ಬಂದ ತಿಂಗಳು ಯೂನಿವರ್ಸಲ್ ಕ್ರೆಡಿಟ್ ಸೊನ್ನೆಯಾಯಿತು. ಅಷ್ಟರಲ್ಲಿ 2025ರ ಏಪ್ರಿಲ್‌ನಿಂದ ಕೇರರ್ಸ್ ಅಲೊವೆನ್ಸಿನ ಮಿತಿಯನ್ನು 196 ಪೌಂಡಿಗೆ ಏರಿಸಿದ್ದರು. ಕನಿಷ್ಠ ವೇತನ ಗಂಟೆಗೆ 12.21 ಆಗಿ ನನ್ನ ವಾರದ ಸಂಬಳ 183.15ಕ್ಕೆ ಬಂದಿತ್ತು. ಮಿತಿಯ ಒಳಗೆ. ಗಂಡನ ಸಂಬಳ ಅದಕ್ಕೆ ಅಡ್ಡ ಬರುವುದಿಲ್ಲ. ಆಗ ವಾರಕ್ಕೆ 83.30.

“ರೀ, ಇವನನ್ನ ಸ್ವಲ್ಪ ನೋಡ್ಕೊಳ್ಳಿ, ಅರ್ಧ ಗಂಟೆ” ಅಂತ ಹೇಳಿ ಮೇ ತಿಂಗಳ ಒಂದು ಭಾನುವಾರ ಅದೇ ಮೇಜಿನ ಮುಂದೆ ಕೂತೆ. ಕೇರರ್ಸ್ ಅಲೊವೆನ್ಸಿನ ಅರ್ಜಿಯಲ್ಲಿ, ಯಾರನ್ನು ನೋಡಿಕೊಳ್ಳುತ್ತೀರಿ ಎಂದಿತ್ತು. ಮಗನ ಹೆಸರು ಬರೆದೆ. ಸಂಬಂಧ ಎಂಬಲ್ಲಿ ತಾಯಿ ಎಂದು ಬರೆದೆ. ಮೇಲಿನ ಕೋಣೆಯಲ್ಲಿ ಯಜಮಾನರು ಇಪ್ಪತ್ತರವರೆಗೆ ಎಣಿಸುತ್ತಿದ್ದರು. ಹದಿಮೂರಕ್ಕೆ ತಪ್ಪಿತು, ಮತ್ತೆ ಒಂದರಿಂದ ಶುರು ಮಾಡಿದರು.