ಕರೆಂಟಿನ ನಾಬ್ ಮೊದಲು, ವೋಲ್ಟೇಜಿನದು ಆಮೇಲೆ

ಕಲಬುರಗಿಯಲ್ಲಿ ಬೇಸಿಗೆಯ ಮಧ್ಯಾಹ್ನ ಫ್ಯಾನ್ ನಿಂತಿತೆಂದರೆ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಮಾತು ಕೇಳಿಸುತ್ತದೆ: ‘ಕರೆಂಟ್ ಹೋಯಿತು.’ ನಿಜವಾಗಿ ಹೋದದ್ದು ವೋಲ್ಟೇಜ್. ಅದು ಹೋದದ್ದರಿಂದ ಕರೆಂಟ್ ಹರಿಯುವುದೂ ನಿಂತಿದೆ, ಅಷ್ಟೆ. ಮನೆಮಾತಿನ ಈ ಅದಲುಬದಲಿನಿಂದ ಯಾರಿಗೂ ನಷ್ಟವಿಲ್ಲ. ರಿಪೇರಿ ಮೇಜಿನ ಮುಂದೆ ಕುಳಿತವರಿಗೆ ಮಾತ್ರ ಇದು ದುಬಾರಿ ಬೀಳುತ್ತದೆ.

ಆ ಮೇಜಿನ ಮೇಲೊಂದು ಡಬ್ಬಿ ಇರುತ್ತದೆ. ಎರಡು ನಾಬ್, ಎರಡು ಸಾಲು ಹೊಳೆಯುವ ಅಂಕಿ, ಕೆಳಗೆ ಕೆಂಪು, ಕಪ್ಪು, ಹಸಿರು ಟರ್ಮಿನಲ್ಲುಗಳು. ಸೂಪರ್ ಮಾರ್ಕೆಟ್ ಕಡೆಯ ಮೊಬೈಲ್ ರಿಪೇರಿಯವರ ಬಾಯಲ್ಲಿ ಅದು ‘ಡಿಸಿ ಮಷಿನ್’. ಕಾಲೇಜಿನ ಪ್ರಯೋಗಾಲಯದಲ್ಲಿ ‘ಆರ್‌ಪಿಎಸ್’, ಅಂದರೆ ರೆಗ್ಯುಲೇಟೆಡ್ ಪವರ್ ಸಪ್ಲೈ. ಸಾಮಾನ್ಯವಾಗಿ 0ಯಿಂದ 30 ವೋಲ್ಟ್, 0ಯಿಂದ 5 ಆಂಪಿಯರ್. ನಾನು ನೋಡಿದ ಹತ್ತು ಮೇಜುಗಳಲ್ಲಿ ಏಳೆಂಟರ ಮೇಲೆ ಕರೆಂಟಿನ ನಾಬ್ ಪೂರ್ತಿ ಬಲಕ್ಕೆ ತಿರುಗಿ ಹಾಗೆಯೇ ಕುಳಿತಿರುತ್ತದೆ. ಕೇಳಿದರೆ, ‘ಅದನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ ಸರ್’ ಎನ್ನುತ್ತಾರೆ. ಅಡಾಪ್ಟರಿಗಿಂತ ಹತ್ತು ಪಟ್ಟು ದುಡ್ಡು ಕೊಟ್ಟು ತಂದದ್ದು ಆ ನಾಬ್‌ಗಾಗಿಯೇ ಎಂಬುದು ಅವರಿಗೆ ಯಾರೂ ಹೇಳಿರುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ. ಒಂದು ಭಜನಾ ಮಂಡಳಿಯ ಆಂಪ್ಲಿಫೈಯರ್ ಬೋರ್ಡನ್ನು ನನ್ನ ಕೈಯಾರೆ ಸುಟ್ಟ ಮೇಲೆ ತಿಳಿಯಿತು. ಬೋರ್ಡಿನಲ್ಲಿ ಒಂದು ಟ್ರಾನ್ಸಿಸ್ಟರ್ ಮಾತ್ರ ಶಾರ್ಟ್ ಆಗಿತ್ತು. ಐದು ಆಂಪಿಯರ್ ಹರಿಯಲು ಬಿಟ್ಟು ನಾನು ತಾಮ್ರದ ಪಟ್ಟಿಯನ್ನೂ ಎಬ್ಬಿಸಿದೆ.

ಕೊಡುವುದು, ಎಳೆದುಕೊಳ್ಳುವುದು

ವೋಲ್ಟೇಜ್ ನಾವು ಕೊಡುವುದು. ಕರೆಂಟ್ ಸರ್ಕ್ಯೂಟು ಎಳೆದುಕೊಳ್ಳುವುದು. ಮಾಳಿಗೆಯ ಮೇಲಿನ ನೀರಿನ ಟಾಕಿಯನ್ನು ನೆನೆಯಿರಿ. ಟಾಕಿಯ ಎತ್ತರವೇ ವೋಲ್ಟೇಜ್. ನಲ್ಲಿ ಎಷ್ಟು ತೆರೆದಿದೆ ಎಂಬುದರ ಮೇಲೆ ನೀರು ಹರಿಯುತ್ತದೆ. ಹಾಗಾಗಿ 5 ಆಂಪಿಯರಿನ ಮಷಿನ್‌ಗೆ 20 ಮಿಲಿಆಂಪಿಯರಿನ ಪುಟ್ಟ ಸರ್ಕ್ಯೂಟು ಜೋಡಿಸಿದರೆ 5 ಆಂಪಿಯರ್ ನುಗ್ಗುವುದಿಲ್ಲ. ಸರ್ಕ್ಯೂಟು ಆರೋಗ್ಯವಾಗಿರುವ ತನಕ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕೆಟ್ಟಿದ್ದರೆ? ಆಗ ಅದು ಒಡೆದ ಪೈಪು. ರಿಪೇರಿಗೆ ಬರುವುದೆಲ್ಲ ಕೆಟ್ಟದ್ದೇ ಅಲ್ಲವೇ.

ಕರೆಂಟಿನ ನಾಬ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದು ಕರೆಂಟನ್ನು ತಳ್ಳುವುದಿಲ್ಲ, ‘ಇದಕ್ಕಿಂತ ಹೆಚ್ಚು ಬಿಡಬೇಡ’ ಎಂದು ಮಿತಿ ಹಾಕುತ್ತದೆ. 12 ಓಮ್‌ನ ಒಂದು ದಪ್ಪ ರೆಸಿಸ್ಟರಿಗೆ 12 ವೋಲ್ಟ್ ಕೊಟ್ಟರೆ 1 ಆಂಪಿಯರ್ ಹರಿಯಬೇಕು. ಮಿತಿಯನ್ನು ಅರ್ಧ ಆಂಪಿಯರಿಗೆ ಇಟ್ಟಿದ್ದರೆ ಮಷಿನ್ ವೋಲ್ಟೇಜನ್ನು ತಾನಾಗಿ 6ಕ್ಕೆ ಇಳಿಸುತ್ತದೆ. ಓಮ್‌ನ ನಿಯಮವನ್ನು ಮೀರಲು ಅದಕ್ಕೂ ಆಗದು. ಮುಂಭಾಗದ ಎರಡು ಪುಟ್ಟ ದೀಪಗಳು ಹೇಳುವುದು ಇದನ್ನೇ. ‘ಸಿವಿ’ (ಕಾನ್‌ಸ್ಟಂಟ್ ವೋಲ್ಟೇಜ್) ಉರಿದರೆ ವೋಲ್ಟೇಜ್ ನೀವು ಹೇಳಿದಂತೆ ಸ್ಥಿರವಾಗಿದೆ. ‘ಸಿಸಿ’ (ಕಾನ್‌ಸ್ಟಂಟ್ ಕರೆಂಟ್) ಉರಿದರೆ ಸರ್ಕ್ಯೂಟು ಮಿತಿಯನ್ನು ಮುಟ್ಟಿದೆ, ವೋಲ್ಟೇಜ್ ಕೆಳಗಿಳಿದಿದೆ. ಸಿಸಿ ದೀಪ ಕಂಡ ಕೂಡಲೇ ಹೊಸಬರು ಮಷಿನ್ ಕೆಟ್ಟಿತೆಂದು ಕರೆಂಟಿನ ನಾಬ್ ಏರಿಸುತ್ತಾರೆ. ದಯವಿಟ್ಟು ಏರಿಸಬೇಡಿ. ಕೈ ಹಿಂದಕ್ಕೆ ತೆಗೆದು ಬೋರ್ಡನ್ನು ನೋಡಿ.

ಹೊಂದಿಸುವ ಕ್ರಮ

ಟರ್ಮಿನಲ್ಲುಗಳಿಗೆ ಏನೂ ಜೋಡಿಸದೆ, ಎರಡೂ ನಾಬ್‌ಗಳನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಆಮೇಲೆ ಸ್ವಿಚ್ ಹಾಕಿ. ಅಗ್ಗದ ಕೆಲವು ಮಷಿನ್‌ಗಳು ಹೊತ್ತಿಕೊಳ್ಳುವಾಗ ಒಂದು ಕ್ಷಣ ವೋಲ್ಟೇಜನ್ನು ಮೇಲಕ್ಕೆ ಎಗರಿಸುತ್ತವೆ. ಬೋರ್ಡ್ ಸಿಕ್ಕಿಸಿಟ್ಟು ಸ್ವಿಚ್ ಹಾಕುವ ಅಭ್ಯಾಸ ಇದ್ದರೆ ಇಂದೇ ಬಿಡಿ.

ವೋಲ್ಟೇಜನ್ನು ಸುಮಾರು 2 ವೋಲ್ಟ್‌ಗೆ ಏರಿಸಿ. ಈಗ ಕೆಂಪು ಕ್ಲಿಪ್ಪನ್ನು ಕಪ್ಪು ಕ್ಲಿಪ್ಪಿಗೆ ಕಚ್ಚಿಸಿ. ಹೌದು, ಬೇಕೆಂದೇ ಶಾರ್ಟ್ ಮಾಡುವುದು. ಮನೆಯ ಪ್ಲಗ್ಗಿನಲ್ಲಿ ಇದನ್ನು ಮಾಡಿದರೆ ಅನಾಹುತ. ಮಿತಿ ಕೆಳಗಿರುವ ಈ ಮಷಿನ್ ಮಾತ್ರ ಇದಕ್ಕೆಂದೇ ಹುಟ್ಟಿದ್ದು. ಸಿಸಿ ದೀಪ ಉರಿದು ವೋಲ್ಟೇಜ್ ಸೊನ್ನೆಯ ಹತ್ತಿರಕ್ಕೆ ಕುಸಿಯುತ್ತದೆ. ಕರೆಂಟಿನ ನಾಬನ್ನು ನಿಧಾನವಾಗಿ ಏರಿಸುತ್ತ ಬೇಕಾದ ಅಂಕಿಗೆ ನಿಲ್ಲಿಸಿ. ಸಣ್ಣ ಬೋರ್ಡಿಗೆ 0.10 ಆಂಪಿಯರ್ ಎಂದಿಟ್ಟುಕೊಳ್ಳಿ. ಮಿತಿ ನಿಂತಿತು. ಶಾರ್ಟ್ ಮಾಡದೆಯೇ ಮಿತಿಯನ್ನು ಅಂಕಿಯಲ್ಲಿ ತೋರಿಸುವ ಡಿಜಿಟಲ್ ಮಷಿನ್ ಇದ್ದರೆ ಇಷ್ಟು ತೊಂದರೆಯಿಲ್ಲ.

ಕ್ಲಿಪ್ಪುಗಳನ್ನು ಬಿಡಿಸಿ, ವೋಲ್ಟೇಜನ್ನು ಸರ್ಕ್ಯೂಟಿಗೆ ಬೇಕಾದಷ್ಟಕ್ಕೆ ಏರಿಸಿ, ಮಲ್ಟಿಮೀಟರ್ ಹಿಡಿದು ಒಮ್ಮೆ ತಾಳೆ ನೋಡಿ. ‘ಔಟ್‌ಪುಟ್’ ಗುಂಡಿ ಇದ್ದರೆ ಅದನ್ನು ಆಫ್ ಮಾಡಿ, ಬೋರ್ಡಿಗೆ ಮೊದಲು ಕಪ್ಪು, ಆಮೇಲೆ ಕೆಂಪು ಜೋಡಿಸಿ, ಗುಂಡಿ ಒತ್ತಿ. ಕಣ್ಣು ಆಂಪಿಯರಿನ ಅಂಕಿಯ ಮೇಲಿರಲಿ. ವೋಲ್ಟೇಜ್ ನೀವೇ ಹೇಳಿದ ಮಾತು, ಅದನ್ನು ನೋಡಿ ತಿಳಿಯುವುದೇನೂ ಇಲ್ಲ. ಕರೆಂಟ್ ಬೋರ್ಡ್ ಕೊಡುವ ಉತ್ತರ.

ಒಂದು ಬಲೆ ಇದೆ. ಔಟ್‌ಪುಟ್ ಟರ್ಮಿನಲ್ಲುಗಳ ಹಿಂದೆ ಮಷಿನ್‌ನ ಒಳಗೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಒಂದು ಕೆಪ್ಯಾಸಿಟರ್ ಇರುತ್ತದೆ. ಅದು ಮಿತಿ ಕಾಯುವವನ ಬೆನ್ನ ಹಿಂದಲ್ಲ, ಮುಂದೆ ಕುಳಿತಿದೆ. 5 ವೋಲ್ಟ್ ಇಟ್ಟು, ಮಿತಿ 20 ಮಿಲಿಆಂಪಿಯರ್ ಇದೆಯಲ್ಲ ಎಂಬ ಧೈರ್ಯದ ಮೇಲೆ ಬರಿಯ ಕೆಂಪು ಎಲ್‌ಇಡಿಯನ್ನು ನೇರ ಸಿಕ್ಕಿಸಿದರೆ, ಆ ಕೆಪ್ಯಾಸಿಟರ್ ತನ್ನಲ್ಲಿದ್ದುದನ್ನೆಲ್ಲ ಒಮ್ಮೆಲೇ ಸುರಿದುಬಿಡುತ್ತದೆ. ಎಲ್‌ಇಡಿ ಒಂದು ಸಲ ಚೆನ್ನಾಗಿ ಮಿನುಗಿ ಮಲಗುತ್ತದೆ. ಅದನ್ನು ಮೊದಲೇ ಜೋಡಿಸಿ ವೋಲ್ಟೇಜನ್ನು ಸೊನ್ನೆಯಿಂದ ಏರಿಸಿದರೆ ಬದುಕುತ್ತದೆ.

ಡಬ್ಬಿಯ ಹೊಟ್ಟೆಯಲ್ಲಿ

ಹಳೆಯ ಮಾದರಿಯ ಮಷಿನ್ ಎತ್ತಿದರೆ ತೊಗರಿ ಚೀಲದ ಹಾಗೆ ಒಂದು ಕಡೆ ಜಗ್ಗುತ್ತದೆ. ಆ ಭಾರ ಟ್ರಾನ್ಸ್‌ಫಾರ್ಮರಿನದು. ಗೋಡೆಯಿಂದ ಬರುವ 230 ವೋಲ್ಟ್ ಎಸಿಯನ್ನು ಅದು ಕೆಳಗಿಳಿಸುತ್ತದೆ, ಅಷ್ಟೇ ಅಲ್ಲ, ಮೇನ್ಸ್‌ನಿಂದ ಬೇರ್ಪಡಿಸಿ ನಮ್ಮ ಜೀವವನ್ನೂ ಕಾಯುತ್ತದೆ. ಮುಂದೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ನಾಲ್ಕು ಡಯೋಡ್‌ಗಳ ಬ್ರಿಡ್ಜ್. 50 ಹರ್ಟ್ಸ್‌ನ ಅಲೆ ಅಲ್ಲಿ ಸೆಕೆಂಡಿಗೆ 100 ಗುಡ್ಡಗಳಾಗುತ್ತದೆ. ದೊಡ್ಡ ಕೆಪ್ಯಾಸಿಟರ್ ಗುಡ್ಡಗಳ ನಡುವಿನ ತಗ್ಗು ತುಂಬುತ್ತದೆ. ಅಲ್ಲಿಂದ ಹೊರಡುವುದು ಹೆಚ್ಚುಕಡಿಮೆ 36 ವೋಲ್ಟ್‌ನ ಒರಟು ಡಿಸಿ.

ಒರಟನ್ನು ನಯ ಮಾಡುವುದು ದಾರಿಯಲ್ಲಿ ಕೂತ ಪವರ್ ಟ್ರಾನ್ಸಿಸ್ಟರ್. ತೂಬಿನ ಹಲಗೆಯಂತೆ ಅದು ಏರಿಳಿಯುತ್ತಲೇ ಇರುತ್ತದೆ. ಅದನ್ನು ಆಡಿಸುವವರು ಇಬ್ಬರು. ಒಬ್ಬ ಹೊರಗಿನ ವೋಲ್ಟೇಜನ್ನು ನಾಬ್ ಹೇಳಿದ ಅಂಕಿಯ ಜೊತೆ ಸದಾ ಹೋಲಿಸುತ್ತಾನೆ. ಇನ್ನೊಬ್ಬ ಕರೆಂಟಿನ ದಾರಿಯಲ್ಲಿಟ್ಟ ಬಹಳ ಸಣ್ಣ ರೆಸಿಸ್ಟರ್ ಮೇಲೆ ಕಣ್ಣಿಟ್ಟಿರುತ್ತಾನೆ: 0.1 ಓಮ್ ಮೂಲಕ 2 ಆಂಪಿಯರ್ ಹರಿದರೆ ಅಲ್ಲಿ 0.2 ವೋಲ್ಟ್ ಕಾಣುತ್ತದೆ, ಅದರಿಂದ ಕರೆಂಟಿನ ಲೆಕ್ಕ ಸಿಗುತ್ತದೆ. ಇಬ್ಬರಲ್ಲಿ ಯಾರು ‘ಸಾಕು’ ಎನ್ನುತ್ತಾರೋ ಅವರ ಮಾತೇ ನಡೆಯುತ್ತದೆ. ಸಿವಿ, ಸಿಸಿ ದೀಪಗಳು ಸದ್ಯ ಯಾರ ಮಾತು ನಡೆಯುತ್ತಿದೆ ಎಂದು ತೋರಿಸುತ್ತವೆ.

ಈ ಪದ್ಧತಿಗೆ ತೆರುವ ಬೆಲೆ ಬಿಸಿ. ಒಳಗೆ 36 ವೋಲ್ಟ್, ಹೊರಗೆ ಮೊಬೈಲ್ ಬೋರ್ಡಿಗೆ 4 ವೋಲ್ಟ್, 3 ಆಂಪಿಯರ್ ಎಂದರೆ ಉಳಿದ 32 ವೋಲ್ಟ್ ಟ್ರಾನ್ಸಿಸ್ಟರಿನ ತಲೆಯ ಮೇಲೆ. 96 ವ್ಯಾಟ್ ಬರಿಯ ಶಾಖ. ಆ ಶಾಖವನ್ನು ಗಾಳಿಗೆ ಬಿಡುವ ಲೋಹದ ಹೀಟ್‌ಸಿಂಕ್ ಎಂಬುದು ಸುತ್ತಲಿನ ಗಾಳಿಗಿಂತ ಎಷ್ಟು ಬಿಸಿಯಾಗುತ್ತದೆ ಎಂಬ ಲೆಕ್ಕದ ಮೇಲೆ ನಿಂತದ್ದು. 25 ಡಿಗ್ರಿಯ ಊರಿನಲ್ಲಿ 40 ಡಿಗ್ರಿ ಏರಿದರೆ 65. ನಮ್ಮ ಮೇ ತಿಂಗಳ 43ರಲ್ಲಿ ಅದೇ 40 ಏರಿದರೆ 83. ಜೊತೆಗೆ ಫ್ಯಾನಿನ ಜಾಲರಿಗೆ ಮೆತ್ತಿಕೊಂಡ ಧೂಳು. ಈ ಕಾರಣಕ್ಕೆ ಒಳ್ಳೆಯ ಮಷಿನ್‌ಗಳು ಕಡಿಮೆ ವೋಲ್ಟೇಜ್ ಕೇಳಿದಾಗ ಟ್ರಾನ್ಸ್‌ಫಾರ್ಮರಿನ ಕೆಳಗಿನ ಟ್ಯಾಪ್‌ಗೆ ಇಳಿಯುತ್ತವೆ. ನಾಬ್ ತಿರುಗಿಸುವಾಗ ಒಳಗೆ ‘ಟಕ್’ ಎನ್ನುವುದು ಟ್ಯಾಪ್ ಬದಲಿಸುವ ಸ್ವಿಚ್ಚು, ಅಂದರೆ ರಿಲೇ. ಹೆದರಬೇಕಿಲ್ಲ.

ಈಗ ಬರುವ ಹಗುರ ಮಷಿನ್‌ಗಳು ಎಸ್‌ಎಂಪಿಎಸ್, ಅಂದರೆ ಸ್ವಿಚ್ ಮೋಡ್ ಪವರ್ ಸಪ್ಲೈ ಜಾತಿಯವು. ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಅಳತೆಗೆ ತರುವುದರಿಂದ ಬಿಸಿ ಕಡಿಮೆ. ಆ ಕತ್ತರಿಯ ‘ಸದ್ದು’, ಅಂದರೆ ವೋಲ್ಟೇಜಿನ ಸಣ್ಣ ಏರಿಳಿತ, ಮಾತ್ರ ಸ್ವಲ್ಪ ಔಟ್‌ಪುಟ್‌ನಲ್ಲಿ ಉಳಿಯುತ್ತದೆ. ಮೊಬೈಲಿಗೆ, ಮೋಟರಿಗೆ ಏನೂ ಅಡ್ಡಿಯಿಲ್ಲ. ರೇಡಿಯೊ, ಆಂಪ್ಲಿಫೈಯರ್ ಮುಟ್ಟುವವರು ಭಾರದ್ದನ್ನೇ ಇಟ್ಟುಕೊಳ್ಳಿ. ನನ್ನ ಮೇಜಿನ ಮೇಲೆ ಎರಡೂ ಇವೆ, ಒಂದರ ಮೇಲೊಂದು. ಹಾಗೆ ಇಡಬಾರದು, ಗಾಳಿಯಾಡುವುದಿಲ್ಲ. ಜಾಗವಿಲ್ಲ, ಏನು ಮಾಡುವುದು.

ಮಷಿನ್ ಕೊಳ್ಳಲಾಗದ ವಿದ್ಯಾರ್ಥಿಗೆ ಎಲ್‌ಎಂ317 ಎಂಬ ಮೂರು ಕಾಲಿನ ಐಸಿ ಇದೆ. 1976ರ ಸುಮಾರಿಗೆ ಬಂದದ್ದು, ಇಂದಿಗೂ ಅಂಗಡಿಯಲ್ಲಿದೆ. 240 ಓಮ್‌ನ ಒಂದು ರೆಸಿಸ್ಟರ್, 5 ಕಿಲೋಓಮ್‌ನ ಒಂದು ಪಾಟ್ (ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರ್) ಸೇರಿಸಿದರೆ 1.25 ವೋಲ್ಟ್‌ನಿಂದ ಸುಮಾರು 27ರವರೆಗೆ ಸಿಗುತ್ತದೆ, ಒಳಗೆ ಅದಕ್ಕಿಂತ ಮೂರು ವೋಲ್ಟ್ ಹೆಚ್ಚಿಗೆ ಕೊಟ್ಟರೆ. ಕಲಿಯಲು ಚೆಂದ. ಕರೆಂಟಿನ ನಾಬ್ ಮಾತ್ರ ಅದಕ್ಕಿಲ್ಲ.

ಔಷಧಿ ಹೊಡೆಯುವ ಪಂಪು

ತೊಗರಿ ಹೂವಿಗೆ ಬಂದಾಗ ನಮ್ಮಲ್ಲಿಗೆ ಮೊಬೈಲಿಗಿಂತ ಹೆಚ್ಚಾಗಿ ಬರುವುದು ಬೆನ್ನಿಗೆ ಹಾಕುವ ಬ್ಯಾಟರಿ ಪಂಪು. ‘ಬ್ಯಾಟರಿ ಹೋದ ತಿಂಗಳು ಹೊಸದು ಹಾಕಿದ್ದೇನೆ ಅಣ್ಣಾ, ಮೋಟರೇ ಹೋಗಿದೆ’ ಎಂದು ರೈತರು ತೀರ್ಪು ಸಮೇತ ಬರುತ್ತಾರೆ. ಟಾಕಿಯನ್ನು ಸಾಬೂನು ಹಚ್ಚಿ ಎರಡು ಸಲ ತೊಳೆಸಿ, ಸಾದಾ ನೀರು ತುಂಬಿ, ಕೈಗವಸು ಹಾಕಿಕೊಂಡೇ ಮುಂದಿನ ಕೆಲಸ. ವಿಷದ ಜೊತೆ ಸಲುಗೆ ಬೇಡ.

ಬ್ಯಾಟರಿ ಬಿಚ್ಚಿಟ್ಟು ಅದರ ವೈರುಗಳಿಗೆ ಮಷಿನ್‌ನಿಂದ 12 ವೋಲ್ಟ್ ಕೊಡಿ, ಮಿತಿ 4 ಆಂಪಿಯರ್. ಇಲ್ಲಿ ಮಿತಿ ಬಿಗಿ ಮಾಡಬಾರದು. ನಿಂತ ಮೋಟರ್ ಹೊರಡುವಾಗ ಓಡುವಾಗಿನದಕ್ಕಿಂತ ಕೆಲವು ಪಟ್ಟು ಹೆಚ್ಚು ಎಳೆಯುತ್ತದೆ. ಮಿತಿ ತೀರ ಕಡಿಮೆಯಿದ್ದರೆ ವೋಲ್ಟೇಜ್ ಕುಸಿದು, ಒಳ್ಳೆಯ ಮೋಟರೂ ಗುಂಯ್‌ಗುಟ್ಟುತ್ತ ನಿಂತೀತು. ಗನ್ನಿನ ಹಿಡಿ ಒತ್ತಿ ನೀರು ಬಿಡಿ. ನೀರು ಜೋರಾಗಿ ಹಾರಿ ಎರಡು ಆಂಪಿಯರ್ ಆಸುಪಾಸು ಕಂಡರೆ ಮೋಟರ್ ಸರಿಯಿದೆ, ‘ಹೊಸ’ ಬ್ಯಾಟರಿಯ ಮಾತು ತೆಗೆಯಬೇಕು. ಏನೂ ಜೋಡಿಸದೆ ಅಳೆದಾಗ 12 ತೋರಿಸಿ, ಭಾರ ಬಿದ್ದಾಗ ಕುಸಿಯುವ ಬ್ಯಾಟರಿ ಬಹಳ. 4ಕ್ಕೆ ಹೋಗಿ ಸಿಸಿ ದೀಪ ಹಿಡಿದು ನಿಂತರೆ ಮೋಟರ್ ಬಿಗಿದಿದೆ ಅಥವಾ ಒಳಗೆ ಶಾರ್ಟ್. ಸೊನ್ನೆಯೇ ಇದ್ದರೆ ಸಂತೋಷ: ವೈರು, ಸ್ವಿಚ್, ಇಲ್ಲವೇ ಗನ್ ಮುಚ್ಚಿದಾಗ ಮೋಟರ್ ನಿಲ್ಲಿಸುವ ಪ್ರೆಶರ್ ಸ್ವಿಚ್, ಸಾಮಾನ್ಯವಾಗಿ ಮೂರರಲ್ಲೊಂದು ಕಡಿದಿರುತ್ತದೆ. ಹತ್ತು ನಿಮಿಷದ ಕೆಲಸ.

ಮಷಿನ್ ಜೊತೆ ಬರುವ ತೆಳು ವೈರುಗಳನ್ನು ಈ ಕೆಲಸಕ್ಕೆ ನಂಬಬೇಡಿ. ಹೋಗಿಬರುವ ವೈರು, ಕ್ಲಿಪ್ಪು ಸೇರಿ 0.2 ಓಮ್ ಇದ್ದರೆ 3 ಆಂಪಿಯರಿನಲ್ಲಿ 0.6 ವೋಲ್ಟ್ ದಾರಿಯಲ್ಲೇ ಖರ್ಚಾಗುತ್ತದೆ. ಮಷಿನ್ 12 ಎನ್ನುತ್ತದೆ, ಮೋಟರಿಗೆ ತಲುಪಿದ್ದು 11.4.

ಮೊಬೈಲ್ ಬೋರ್ಡಿಗೂ ಇದೇ ಬಗೆ. 4 ವೋಲ್ಟ್, ಮಿತಿ 1 ಆಂಪಿಯರ್. ಪವರ್ ಗುಂಡಿ ಒತ್ತುವ ಮೊದಲು ಕರೆಂಟ್ ಸೊನ್ನೆಯ ಹತ್ತಿರವಿರಬೇಕು. ಆಗಲೇ ಎಳೆಯುತ್ತಿದ್ದರೆ ಎಲ್ಲೋ ಸೋರಿಕೆ. ಮಿತಿ ಮುಟ್ಟಿದರೆ ಶಾರ್ಟ್. ಆಗ ವೋಲ್ಟೇಜನ್ನು ಒಂದಕ್ಕೆ ಇಳಿಸಿ, ಬೋರ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ, ಕರೆಂಟ್ ಬಿಟ್ಟು ನೋಡಿ. ಶಾರ್ಟ್ ಆಗಿ ಬಿಸಿಯಾದ ಕೆಪ್ಯಾಸಿಟರಿನ ಮೇಲೆ ಅದು ಎಲ್ಲಕ್ಕಿಂತ ಮೊದಲು ಆರುತ್ತದೆ.

ಹಸಿರು ಟರ್ಮಿನಲ್ ಅರ್ಥಿಂಗ್‌ನದು, ಕಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ಎರಡು ಚಾನೆಲ್ ಇರುವ ಮಷಿನ್‌ನಲ್ಲಿ ಒಂದರ ಕೆಂಪಿಗೆ ಇನ್ನೊಂದರ ಕಪ್ಪನ್ನು ಜೋಡಿಸಿ, ಆ ಕೂಡುವ ಜಾಗವನ್ನು ಸೊನ್ನೆಯೆಂದು ಹಿಡಿದು ಧನ 12, ಋಣ 12 ವೋಲ್ಟ್ ಪಡೆಯಲು ಸಾಧ್ಯವಾಗುವುದು ಈ ಸಂಬಂಧ ಇಲ್ಲದ್ದರಿಂದಲೇ. ಹಳೆಯ ಕಟ್ಟಡದಲ್ಲಿ ಮೂರನೆಯ ಪಿನ್ನಿನ ಹಿಂದೆ ಅರ್ಥಿಂಗ್ ನಿಜವಾಗಿಯೂ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ನೋಡಿಸಿ.

ಬ್ಯಾಟರಿ ಜೋಡಿಸಿದಾಗ

ಪಂಪಿನ 12 ವೋಲ್ಟ್, 8 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯನ್ನು ಈ ಮಷಿನ್‌ನಲ್ಲೇ ಚಾರ್ಜ್ ಮಾಡಬಹುದು: 14.4 ವೋಲ್ಟ್, ಮಿತಿ 0.8 ಆಂಪಿಯರ್. ಮೊದಲು ಸಿಸಿ ಉರಿಯುತ್ತದೆ; ಬ್ಯಾಟರಿ ತುಂಬುತ್ತ ಬಂದಂತೆ ಸಿವಿಗೆ ಹೊರಳಿ ಕರೆಂಟ್ ತಾನಾಗಿ ಇಳಿಯುತ್ತದೆ. ಕೆಂಪು–ಕಪ್ಪು ತಿರುಗುಮುರುಗಾದರೆ ಮಷಿನ್‌ಗೆ ಉಳಿಗಾಲವಿಲ್ಲ, ಯಾವ ನಾಬೂ ಕಾಯುವುದಿಲ್ಲ.

ಅರ್ಧ ಚಾರ್ಜಿನಲ್ಲಿರುವಾಗ ಓಣಿಯಲ್ಲಿ ‘ಕರೆಂಟ್ ಹೋಯಿತು’ ಎಂಬ ಕೂಗು ಕೇಳಿಸಿದರೆ ಮೇಜಿನ ಕಡೆ ಓಡಿ, ಏಕೆಂದರೆ ಅಲ್ಲಿ ಅದು ಹೋಗಿರುವುದಿಲ್ಲ, ಹಿಂದಕ್ಕೆ ಹರಿಯಲು ತೊಡಗಿರುತ್ತದೆ. ಬ್ಯಾಟರಿಯಿಂದ ಆರಿದ ಮಷಿನ್‌ನ ಒಳಕ್ಕೆ. ಕೆಂಪು ವೈರಿನಲ್ಲಿ 1ಎನ್5408 ಡಯೋಡ್ ಒಂದನ್ನು, ಬೆಳ್ಳಿಯ ಪಟ್ಟಿ ಬ್ಯಾಟರಿಯ ಕಡೆಗೆ ಬರುವಂತೆ ಸೇರಿಸಿಕೊಂಡರೆ ಓಡುವ ಕೆಲಸವಿಲ್ಲ. ಡಯೋಡ್ ತಾನು 0.7 ವೋಲ್ಟ್ ತಿನ್ನುತ್ತದೆಯಾದ್ದರಿಂದ ಮಷಿನ್‌ನಲ್ಲಿ 15.1 ಇಡಿ. ಕರೆಂಟ್ ಇಳಿದ ಮೇಲೆ ಡಯೋಡಿನ ಹಸಿವೂ ಇಳಿಯುತ್ತದೆ; ಕೊನೆಗೆ ಮಲ್ಟಿಮೀಟರನ್ನು ಬ್ಯಾಟರಿಯ ತುದಿಗಳಿಗೇ ಹಿಡಿದು, 14.4 ಮುಟ್ಟಿದಾಗ ಬಿಚ್ಚಿ.