ಸೆಲ್ಫ್ ಕೈಕೊಟ್ಟರೆ ಲಾರಿ ಉರುಳಿಸಬೇಡಿ: ಹಳೆ ಡೀಸೆಲ್ ಲಾರಿಯ ಸ್ಟಾರ್ಟರ್ ರಿಪೇರಿ ಮಾಡಿ ಕೂರಿಸುವ ಬಗೆ

ಕೊಡಗಿನ ತೋಟಗಳಲ್ಲಿ ಹಳೆ ಲಾರಿಯನ್ನು ಎಲ್ಲಿ ನಿಲ್ಲಿಸಿದ್ದಾರೆ ಅಂತ ನೋಡಿದರೆ ಸಾಕು, ಅದರ ಸೆಲ್ಫ್, ಅಂದರೆ ಎಂಜಿನ್ ತಿರುಗಿಸಿ ಚಾಲೂ ಮಾಡುವ ಸ್ಟಾರ್ಟರ್ ಮೋಟರ್, ಹೇಗಿದೆ ಎಂದು ಹೇಳಿಬಿಡಬಹುದು. ಮೂತಿ ಇಳಿಜಾರಿನ ಕಡೆಗಿದ್ದರೆ ಸೆಲ್ಫ್ ಕೆಟ್ಟಿದೆ ಎಂದೇ ಲೆಕ್ಕ. ಬೆಳಿಗ್ಗೆ ಚಕ್ರದ ಕಲ್ಲು ತೆಗೆದು, ಉರುಳಿಸಿ, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಹಿಡಿಯುತ್ತದೆ. ಹಿಡಿಯದೇ ಹೋದರೆ? ಏರ್ ಬ್ರೇಕಿನ ಲಾರಿಯಲ್ಲಿ ಎಂಜಿನ್ ಓಡಿದರೆ ಮಾತ್ರ ಟ್ಯಾಂಕಿಗೆ ಗಾಳಿ ತುಂಬುತ್ತದೆ. ರಾತ್ರಿಯಿಡೀ ನಿಂತ ಹಳೆ ಲಾರಿಯಲ್ಲಿ ಆ ಗಾಳಿ ಸೋರಿ ಹೋಗಿರುವುದೇ ಜಾಸ್ತಿ. ವ್ಯಾಕ್ಯೂಮ್ ಬ್ರೇಕಿನ ಸಣ್ಣ ಲಾರಿಯಲ್ಲೂ ಎಂಜಿನ್ ಓಡದಿದ್ದರೆ ಪೆಡಲ್ ಕಲ್ಲಿನಂತೆ ಗಟ್ಟಿ. ಸಂಪಾಜೆ ಘಾಟಿಯ ತಿರುವುಗಳನ್ನು ಇಳಿದವರಿಗೆ ಇದು ಎಂಥ ಅಪಾಯ ಅಂತ ಬಿಡಿಸಿ ಹೇಳಬೇಕಿಲ್ಲ. ಸೆಲ್ಫ್ ಸರಿಮಾಡುವುದು ಒಂದೆರಡು ದಿನದ ಕೆಲಸ. ದಯವಿಟ್ಟು ಮಾಡಿಸಿ, ಇಲ್ಲವೇ ನೀವೇ ಮಾಡಿ.

ಬಿಚ್ಚುವ ಮೊದಲು ಕಿವಿ ಕೊಡಿ

ಕೀ ತಿರುಗಿಸಿದಾಗ ಬರುವ ಸದ್ದೇ ಅರ್ಧ ಕಾಯಿಲೆ ಹೇಳುತ್ತದೆ. ‘ಟಕ್’ ಎಂದು ಒಂದೇ ಸದ್ದು ಬಂದು ಸುಮ್ಮನಾದರೆ ಸೊಲೆನಾಯ್ಡ್ (ಸೆಲ್ಫ್‌ಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್) ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು, ಕಾರ್ಬನ್ (ಸೆಲ್ಫ್‌ನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಬ್ರಷ್) ಸವೆದಿರಬಹುದು. ‘ಟಕ ಟಕ ಟಕ’ ಎಂದರೆ ಮೊದಲು ಬ್ಯಾಟರಿ ನೋಡಿ. ‘ಗುಂಯ್’ ಅಂತ ಸೆಲ್ಫ್ ಮಾತ್ರ ತಿರುಗಿ ಎಂಜಿನ್ ಅಲುಗದಿದ್ದರೆ ಬೆಂಡಿಕ್ಸ್ (ಸೆಲ್ಫ್‌ನ ಮುಂದಿನ ಹಲ್ಲುಚಕ್ರದ ಕ್ಲಚ್) ಜಾರುತ್ತಿದೆ. ‘ಕರ್‌ರ್’ ಎಂದು ಕೆರೆದರೆ ಫ್ಲೈವ್ಹೀಲ್ ರಿಂಗಿನ (ಸೆಲ್ಫ್ ಕಚ್ಚಿ ತಿರುಗಿಸುವ ಎಂಜಿನ್ನಿನ ದೊಡ್ಡ ಚಕ್ರದ ಬಳೆ) ಹಲ್ಲು ಸವೆದಿರಬಹುದು.

ಸದ್ದು ಕೇಳಿದ ತಕ್ಷಣ ಸ್ಪ್ಯಾನರ್ ಹಿಡಿಯಬೇಡಿ. ನಮ್ಮ ಲಾರಿಗೆ ಒಂದೇ ಮಳೆಗಾಲದಲ್ಲಿ ಎರಡು ಸಲ ಸೆಲ್ಫ್ ಬದಲಾಯಿಸಿದ್ದೆವು. ಎರಡೂ ಸಲ ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಕೊನೆಗೆ ನಾನೇ ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿದೆ. ಎಂಜಿನ್‌ನಿಂದ ಚಾಸಿಗೆ ಬರುವ ಅರ್ಥ್ ಪಟ್ಟಿಯ (ಕರೆಂಟ್ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗುವ ದಾರಿ) ತುದಿಯ ಲಗ್ ಮೇಲೆ ತೋಟದ ಕೆಂಪು ಮಣ್ಣು ಗಾರೆಯ ಹಾಗೆ ಕೂತಿತ್ತು. ಕೆರೆದರೆ ಒಳಗೆ ಹಸಿರು ಕಿಲುಬು. ಪಟ್ಟಿಯನ್ನು ಬೆರಳಲ್ಲಿ ಎಳೆದೆ, ಎಳೆಗಳು ಪುಡಿಪುಡಿಯಾಗಿ ಉದುರಿದವು. ಹೊಸ ಪಟ್ಟಿ ಹಾಕಿದ ಮೇಲೆ ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು.

ಹಾಗಾಗಿ ಮೊದಲು ವೋಲ್ಟ್ ಅಳೆಯುವ ಮೀಟರ್ ಹಿಡಿಯಿರಿ. 12 ವೋಲ್ಟ್ ಬ್ಯಾಟರಿ ಚಾರ್ಜ್ ತುಂಬಿದ್ದರೆ ಸುಮಾರು 12.6 ತೋರಿಸಬೇಕು. ದೊಡ್ಡ ಲಾರಿಯಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇದ್ದರೆ 25.2. ಸೆಲ್ಫ್ ಹೊಡೆಯುವಾಗ 12ರದ್ದು 9.6ಕ್ಕಿಂತ ಕೆಳಗೆ ಇಳಿಯಬಾರದು. ಇನ್ನೊಂದು ಪರೀಕ್ಷೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಸೆಲ್ಫ್‌ನ ಮೈಗೆ ಹಿಡಿದು ಒಬ್ಬರಿಂದ ಕೀ ತಿರುಗಿಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ತಪ್ಪು ಅರ್ಥ್‌ನಲ್ಲಿದೆ, ಸೆಲ್ಫ್‌ನಲ್ಲಿಲ್ಲ. ಡೀಸೆಲ್ ಎಂಜಿನ್ ತಿರುಗಿಸಲು ನೂರಾರು ಆಂಪಿಯರ್ ಕರೆಂಟ್ ಹರಿಯಬೇಕು. ಅದಕ್ಕೇ ಒಂದು ಚೂರು ಕಿಲುಬೂ ದೊಡ್ಡ ತಡೆಯಾಗುತ್ತದೆ.

ಸೊಲೆನಾಯ್ಡಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಅಭ್ಯಾಸ ಬೇಡವೇ ಬೇಡ. ಗೇರಿನಲ್ಲಿದ್ದರೆ ಲಾರಿ ಹಾರಿ ಮುಂದೆ ಬರುತ್ತದೆ. ಹಳೆ ಡೀಸೆಲ್ ಎಂಜಿನ್ ಕೀ ಇಲ್ಲದೆಯೂ ಹಿಡಿದುಬಿಡಬಹುದು.

ಬಿಚ್ಚುವುದು

ಸಮತಟ್ಟು ಜಾಗ, ಹ್ಯಾಂಡ್ ಬ್ರೇಕ್, ಚಕ್ರಗಳಿಗೆ ಕಲ್ಲು, ಗೇರ್ ನ್ಯೂಟ್ರಲ್. ಬ್ಯಾಟರಿಯ ಮೈನಸ್ ಮೊದಲು ತೆಗೆಯಿರಿ. ವೈರುಗಳ ಫೋಟೋ ಮೊಬೈಲಿನಲ್ಲಿ ಹಿಡಿದುಕೊಳ್ಳಿ. ಲಾರಿಯ ಸೆಲ್ಫ್ ತುಂಬಾ ಭಾರ. ಕೊನೆಯ ಬೋಲ್ಟ್ ಬಿಚ್ಚುವಾಗ ಕೆಳಗೆ ಜಾಕಿಯನ್ನೋ ಮರದ ತುಂಡನ್ನೋ ಕೊಟ್ಟಿರಿ, ಎದೆ ಮೇಲೆ ಬಿದ್ದೀತು. ಸೆಲ್ಫ್ ಮತ್ತು ಎಂಜಿನ್ ಮಧ್ಯೆ ಶಿಮ್ (ತೆಳು ತಗಡು) ಸಿಕ್ಕರೆ ಎತ್ತಿಡಿ, ಮತ್ತೆ ಅದನ್ನೇ ಹಾಕಬೇಕು.

ಸೆಲ್ಫ್ ಹೊರಗಿದ್ದಾಗ ಆ ತೂತಿನಿಂದಲೇ ರಿಂಗಿನ ಹಲ್ಲು ನೋಡಿ. ಎಂಜಿನ್ ನಿಲ್ಲುವಾಗ ಕೆಲವೇ ಜಾಗಗಳಲ್ಲಿ ನಿಲ್ಲುತ್ತದೆ: ನಾಲ್ಕು ಸಿಲಿಂಡರಿಗೆ ಎರಡು ಕಡೆ, ಆರಕ್ಕೆ ಮೂರು ಕಡೆ. ಹಲ್ಲು ಸವೆಯುವುದೂ ಅಲ್ಲೇ. ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲಿ ತಿರುಗಿಸುತ್ತಾ ಇಡೀ ಸುತ್ತು ನೋಡಿ.

ಒಳಗೇನಿದೆ

ತೆರೆಯುವ ಮೊದಲು ಮುಂದಿನ ಮೂತಿ, ನಡುವಿನ ಬಾಡಿ, ಹಿಂದಿನ ಮುಚ್ಚಳ ಮೂರನ್ನೂ ಸೇರಿಸಿ ಪಂಚ್‌ನಲ್ಲಿ ಗುರುತು ಹಾಕಿ. ಜೋಡಿಸುವಾಗ ತಿರುಗಾಮುರುಗಾ ಆಗಬಾರದು.

ಕಾರ್ಬನ್ ಅರ್ಧಕ್ಕಿಂತ ಜಾಸ್ತಿ ಸವೆದಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ಹೊಸದು ತನ್ನ ಗೂಡಿನಲ್ಲಿ ಸಲೀಸಾಗಿ ಜಾರಬೇಕು, ಸ್ಪ್ರಿಂಗ್ ಗಟ್ಟಿಯಾಗಿ ಒತ್ತಬೇಕು. ಆರ್ಮೇಚರಿನ (ಸೆಲ್ಫ್ ಒಳಗೆ ತಿರುಗುವ ಭಾಗ) ಕಮ್ಯುಟೇಟರ್, ಅಂದರೆ ಕಾರ್ಬನ್ ಉಜ್ಜುವ ತಾಮ್ರದ ಪಟ್ಟಿಗಳ ಸುತ್ತು, ಕಪ್ಪಾಗಿದ್ದರೆ ನಯವಾದ ಸ್ಯಾಂಡ್ ಪೇಪರಿನಲ್ಲಿ ಸುತ್ತ ಉಜ್ಜಿ, ತಾಮ್ರ ಹೊಳೆಯುವವರೆಗೆ. ಎಮರಿ ಪೇಪರ್ ಬೇಡ, ಅದರ ಪುಡಿ ಪಟ್ಟಿಗಳ ನಡುವೆ ಕೂತರೆ ಶಾರ್ಟ್ ಆಗಬಹುದು. ತಾಮ್ರದ ಪಟ್ಟಿಗಳ ನಡುವಿನ ಮೈಕಾ ತಾಮ್ರದ ಮಟ್ಟಕ್ಕೆ ಬಂದಿದ್ದರೆ ಮುರಿದ ಹ್ಯಾಕ್ಸಾ ಬ್ಲೇಡಿನಲ್ಲಿ ಸುಮಾರು ಅರ್ಧ ಮಿಲಿಮೀಟರ್ ಕೆರೆಯಿರಿ. ತಾಳ್ಮೆಯ ಕೆಲಸ ಇದು. ಟೆಸ್ಟ್ ಲ್ಯಾಂಪಿನ ಒಂದು ತುದಿ ಕಮ್ಯುಟೇಟರಿಗೆ, ಇನ್ನೊಂದು ಶಾಫ್ಟಿಗೆ ಹಿಡಿಯಿರಿ. ಬಲ್ಬ್ ಉರಿದರೆ ಆರ್ಮೇಚರ್ ಹೋಯಿತು.

ಆರ್ಮೇಚರಿನ ಮೈಮೇಲೆ ಒಂದು ಪಕ್ಕ ಉಜ್ಜಿದ ಗೆರೆ ಕಂಡರೆ ಬುಷ್ (ಶಾಫ್ಟಿನ ತುದಿ ಕೂತು ತಿರುಗುವ ಬಳೆ) ಸವೆದಿದೆ ಎಂದರ್ಥ. ಹೊಸ ಹಿತ್ತಾಳೆ ಬಣ್ಣದ ಬುಷ್ಷನ್ನು ರಾತ್ರಿಯಿಡೀ ಎಂಜಿನ್ ಆಯಿಲ್‌ನಲ್ಲಿ ನೆನೆಸಿಟ್ಟು ಬೆಳಿಗ್ಗೆ ಕೂರಿಸಿ.

ಬೆಂಡಿಕ್ಸ್ ಒಂದು ಕಡೆ ಸಲೀಸಾಗಿ ತಿರುಗಬೇಕು, ಇನ್ನೊಂದು ಕಡೆ ಹಿಡಿಯಬೇಕು. ಅದನ್ನು ಡೀಸೆಲ್‌ನಲ್ಲೋ ಪೆಟ್ರೋಲ್‌ನಲ್ಲೋ ಅದ್ದಿ ತೊಳೆಯಬೇಡಿ. ಒಳಗಿನ ಗ್ರೀಸ್ ತೊಳೆದು ಹೋಗುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಸಾಕು.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಯಿಲ್ ಒಳಗೂ ತೇವ ಇರುತ್ತದೆ. ಬಿಸಿಲಿಗೆ ಇಡೋಣ ಅಂದರೆ ಬಿಸಿಲೆಲ್ಲಿ? ಬೆಂಕಿಗೆ ಒಡ್ಡಬೇಡಿ. ರಟ್ಟಿನ ಪೆಟ್ಟಿಗೆಯಲ್ಲಿ ಉರಿಯುವ, ಬಿಸಿಯಾಗುವ ಹಳೆ ಬಗೆಯ ಬಲ್ಬ್‌ ಜೊತೆ ಒಂದು ರಾತ್ರಿ ಇಡಿ. ಬಲ್ಬ್ ರಟ್ಟಿಗೆ ತಾಗದಿರಲಿ.

ಮತ್ತೆ ಕೂರಿಸುವುದು

ಲಾರಿಗೆ ಹಾಕುವ ಮೊದಲು ಹೊರಗೇ ಒಮ್ಮೆ ಓಡಿಸಿ ನೋಡಿ. ವೈಸ್‌ಗೆ ಬಿಗಿದೇ ಕರೆಂಟ್ ಕೊಡಿ, ಶುರುವಾಗುವಾಗ ಜೋರಾಗಿ ಒದೆಯುತ್ತದೆ. ಎರಡು ಮೂರು ಸೆಕೆಂಡ್ ಸಾಕು.

ಸೆಲ್ಫ್‌ನ ಮುಖ ಮತ್ತು ಎಂಜಿನ್ ಕಡೆಯ ಮುಖ ಎರಡನ್ನೂ ಪೇಂಟ್, ಮಣ್ಣು, ಆಯಿಲ್ ಇಲ್ಲದಂತೆ ಉಜ್ಜಿ. ಅರ್ಥ್ ಹರಿಯುವುದು ಅಲ್ಲಿಂದಲೇ. ಬೋಲ್ಟುಗಳನ್ನು ಮೊದಲು ಬೆರಳಲ್ಲಿ ಹತ್ತಿಸಿ, ಸೆಲ್ಫ್ ನೇರ ಕೂತ ಮೇಲೆ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ದಪ್ಪ ಕೇಬಲ್ ಬಿಗಿಯುವಾಗ ಸೊಲೆನಾಯ್ಡಿನ ಸ್ಟಡ್ಡೇ ತಿರುಗದಂತೆ ಒಳಗಿನ ನಟ್ ಹಿಡಿದಿರಿ. ಕೇಬಲ್ ಚಾಸಿಗೆ ಉಜ್ಜುತ್ತಿದ್ದರೆ ಹಳೆ ಟ್ಯೂಬಿನ ತುಂಡು ಸುತ್ತಿ. ಮೈನಸ್ ಕೊನೆಗೆ.

ಈಗ ಕೀ ತಿರುಗಿಸಿ. ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು. ಹಿಡಿಯದಿದ್ದರೆ ಒಂದು ನಿಮಿಷ ಬಿಟ್ಟು ಮತ್ತೆ. ಡಿಸೆಂಬರಿನ ಮಡಿಕೇರಿ ಚಳಿಯಲ್ಲಿ ಆಯಿಲ್ ಗಟ್ಟಿಯಾಗಿರುತ್ತದೆ, ಆಗ ಆತುರಪಟ್ಟು ಒತ್ತಿ ಹಿಡಿದರೆ ನೀವು ಹಾಕಿದ ಹೊಸ ಕಾರ್ಬನ್ನೇ ಸುಡುತ್ತದೆ. ಎರಡು ಲೋಡ್ ಹೊಡೆದ ಮೇಲೆ ಬೋಲ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ. ಕಕ್ಕಡದ (ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವ ತಿಂಗಳು) ಮಳೆ ಹಿಡಿಯುವ ಮೊದಲು ಅರ್ಥ್ ಪಟ್ಟಿ ಬಿಚ್ಚಿ, ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿಡಿ.